ಡಿಕ್ಕಿಯಲ್ಲಿ ಬ್ಯಾಟರಿ ಇರುವ ಕಾರಿಗೆ ಜಂಪ್ ಸ್ಟಾರ್ಟ್: ಹುಡುಕಬೇಕಾದ್ದು ಬ್ಯಾಟರಿಯನ್ನಲ್ಲ

ಬ್ಯಾಟರಿ ಡೌನ್ ಆಗಿದೆ. ಸಹಾಯಕ್ಕೆ ಇನ್ನೊಂದು ಕಾರು ಬಂದು ನಿಂತಿದೆ. ಅದರ ಬ್ಯಾಟರಿಯಿಂದ ಕೇಬಲ್ ಮೂಲಕ ಕರೆಂಟ್ ಪಡೆದು ಸ್ಟಾರ್ಟ್ ಮಾಡುವುದೇ ಜಂಪ್ ಸ್ಟಾರ್ಟ್. ಬಾನೆಟ್ ಎತ್ತಿ ನೋಡಿದರೆ ಬ್ಯಾಟರಿಯೇ ಕಾಣುವುದಿಲ್ಲ. ಬಿಎಂಡಬ್ಲ್ಯು 3 ಸೀರೀಸ್‌ನಲ್ಲಿ ಅದು ಡಿಕ್ಕಿಯ ಬಲಬದಿಯಲ್ಲಿ ಅಡಗಿರುತ್ತದೆ. 2011ರಿಂದ ಬಂದ ಜೀಪ್ ಗ್ರ್ಯಾಂಡ್ ಚೆರೋಕಿಯಲ್ಲಿ ಮುಂದಿನ ಸೀಟಿನಡಿ ಇದೆ. ಅಮೆರಿಕದಲ್ಲಿರುವ ನಮ್ಮವರು ಹಳೆಯ ಡಾಡ್ಜ್ ಜರ್ನಿ ಓಡಿಸುತ್ತಿದ್ದರೆ ಎಡ ಮುಂಚಕ್ರದ ಬಳಿ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಹುಡುಕಬೇಕು. ಆದರೆ ಜಂಪ್ ಮಾಡಲು ಅಲ್ಲಿಗೆಲ್ಲ ಕೈ ಹಾಕುವ ಅಗತ್ಯವೇ ಇಲ್ಲ. ಈ ಮೂರರಲ್ಲೂ ಬಾನೆಟ್ ಕೆಳಗೆ ಅದಕ್ಕೆಂದೇ ಎರಡು ಪಾಯಿಂಟ್ ಇವೆ: ಪ್ಲಸ್ ಗುರುತಿನ ಮುಚ್ಚಳದಡಿ ಒಂದು ಪಿನ್, ಅರ್ತ್‌ಗೆ, ಅಂದರೆ ಮೈನಸ್ ಬದಿಗೆ, ಇನ್ನೊಂದು ಲೋಹದ ಬೋಲ್ಟ್. ಪ್ಲಸ್ ಮುಚ್ಚಳ ಸಾಮಾನ್ಯವಾಗಿ ಕೆಂಪು. ಕಾರಿನ ಪುಸ್ತಕದಲ್ಲಿ ಎರಡರ ಜಾಗವನ್ನೂ ಚಿತ್ರ ಸಮೇತ ಕೊಟ್ಟಿರುತ್ತಾರೆ.

ಕಾರು ಲಾಕ್ ಆಗಿದ್ದರೆ ರಿಮೋಟ್ ಕೆಲಸ ಮಾಡುವುದಿಲ್ಲ. ರಿಮೋಟ್ ಒಳಗೇ ಸಿಕ್ಕಿಸಿರುವ ಸಣ್ಣ ಲೋಹದ ಕೀ ತೆಗೆದು ಡ್ರೈವರ್ ಬಾಗಿಲು ತೆರೆಯಿರಿ. ಕೆಲವು ಕಾರುಗಳಲ್ಲಿ ಕೀ ತೂತು ಹಿಡಿಕೆಯ ಪಕ್ಕದ ಮುಚ್ಚಳದ ಹಿಂದೆ ಇರುತ್ತದೆ. ಬಾನೆಟ್ ತೆರೆಯುವ ಲಿವರ್ ಸಾಮಾನ್ಯವಾಗಿ ತಂತಿಯಿಂದ ಎಳೆಯುವಂಥದ್ದು, ಅದಕ್ಕೆ ಕರೆಂಟ್ ಬೇಕಿಲ್ಲ. ಡಿಕ್ಕಿಯ ಬೀಗ ಹೆಚ್ಚಿನ ಕಾರುಗಳಲ್ಲಿ ಕರೆಂಟಿನದು. ಬಾನೆಟ್ ಪಿನ್‌ಗೆ ಕರೆಂಟ್ ಕೊಟ್ಟರೆ ಡಿಕ್ಕಿಯೂ ತೆರೆಯುತ್ತದೆ.

ಕೇಬಲ್ ವಿಷಯದಲ್ಲಿ ಜಿಪುಣತನ ಬೇಡ. ಸ್ಟಾರ್ಟರ್ ಮೋಟರ್ 150ರಿಂದ 300 ಆಂಪಿಯರ್ ಎಳೆಯುತ್ತದೆ. ಅಂಗಡಿಯಲ್ಲಿ ಸಿಗುವ ಅಗ್ಗದ ಕೇಬಲ್ ಮೇಲೆ ದಪ್ಪ, ಒಳಗೆ ನೂಲಿನಂತೆ ತಂತಿ. ಸೆಲ್ಫ್ ಹೊಡೆದಾಗ ಅದು ಬಿಸಿಯಾಗುತ್ತದೆಯೇ ಹೊರತು ಎಂಜಿನ್ ತಿರುಗುವುದಿಲ್ಲ. ಸಣ್ಣ ಪೆಟ್ರೋಲ್ ಕಾರಿಗೆ 16 ಚದರ ಮಿಲಿಮೀಟರ್ ತಾಮ್ರ ಸಾಕು, ಡೀಸೆಲ್‌ಗೆ 25 ಬೇಕು, ಉದ್ದ 3 ಮೀಟರ್‌ಗೆ ಕಡಿಮೆ ಬೇಡ. ಕರೆಂಟ್ ಕೊಡುವ ಗಾಡಿಯೂ 12 ವೋಲ್ಟ್‌ನದ್ದೇ ಆಗಿರಬೇಕು. ಹೆದ್ದಾರಿಯಲ್ಲಿ ಲಾರಿಯವರು ಒಳ್ಳೆಯ ಮನಸ್ಸಿನಿಂದಲೇ ಸಹಾಯಕ್ಕೆ ನಿಲ್ಲಿಸುತ್ತಾರೆ, ಆದರೆ ಲಾರಿಯದ್ದು ಸಾಮಾನ್ಯವಾಗಿ 24 ವೋಲ್ಟ್. ಅದನ್ನು ಹಾಕಿದರೆ ಕಾರಿನ ಕಂಪ್ಯೂಟರ್‌ಗಳೇ ಸುಟ್ಟುಹೋಗಬಹುದು.

ಶುರುಮಾಡುವ ಮೊದಲು ಉಂಗುರ, ಕಡಗ, ಲೋಹದ ವಾಚ್ ಬಿಚ್ಚಿಡಿ. ಪ್ಲಸ್ ಪಿನ್‌ಗೂ ಬಾಡಿಗೂ ನಡುವೆ ಉಂಗುರ ಸಿಕ್ಕಿದರೆ ಅದು ಬೆರಳಿನಲ್ಲೇ ಕೆಂಪಗೆ ಕಾಯುತ್ತದೆ. ಕಾರುಗಳು ಒಂದಕ್ಕೊಂದು ತಾಗಬಾರದು. ಎರಡೂ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಎಲ್ಲ ಆಫ್ ಆಗಿರಲಿ. ಗುದ್ದಿದ ಕಾರಿಗೆ ಜಂಪ್ ಕೊಡಬೇಡಿ. ಅಪಘಾತವಾದಾಗ ಬಿಎಂಡಬ್ಲ್ಯು ಪ್ಲಸ್ ಕೇಬಲ್ಲನ್ನು ಸಣ್ಣ ಸಿಡಿಮದ್ದಿನಿಂದ ತಾನೇ ಕತ್ತರಿಸಿಕೊಳ್ಳುತ್ತದೆ, ಶಾರ್ಟ್ ಆಗಿ ಬೆಂಕಿ ಹತ್ತದಿರಲಿ ಎಂದು. ಬ್ಯಾಟರಿ ಕಣ್ಣಿಗೆ ಬೀಳುವ ಕಾರಿನಲ್ಲಿ ಅದು ಊದಿದ್ದರೆ, ಸೀಳಿದ್ದರೆ ಅಲ್ಲಿಗೇ ನಿಲ್ಲಿಸಿ.

ಈಗ ಕ್ಲಿಪ್‌ಗಳು. ಮೊದಲ ಕೆಂಪು ಕ್ಲಿಪ್ ನಿಂತ ಕಾರಿನ ಪ್ಲಸ್ ಪಿನ್‌ಗೆ, ಇನ್ನೊಂದು ಕೆಂಪು ಸಹಾಯದ ಕಾರಿನ ಬ್ಯಾಟರಿ ಪ್ಲಸ್‌ಗೆ, ಕಪ್ಪು ಕ್ಲಿಪ್ ಅದೇ ಬ್ಯಾಟರಿಯ ಮೈನಸ್‌ಗೆ, ಕೊನೆಯ ಕಪ್ಪು ನಿಂತ ಕಾರಿನ ಅರ್ತ್ ಬೋಲ್ಟ್‌ಗೆ. ಕಿಡಿ ಹಾರುವುದು ಕೊನೆಯ ಕ್ಲಿಪ್ ತಾಗುವಾಗ. ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಅದು ಶೇಕಡಾ 4 ಸೇರಿದರೂ ಹೊತ್ತಿಕೊಳ್ಳಬಲ್ಲದು. ಬಾನೆಟ್ ಕೆಳಗೆ ಕಿಡಿ ಹಾರಿದರೆ ಡಿಕ್ಕಿಯ ಬ್ಯಾಟರಿ ದೂರದಲ್ಲಿರುತ್ತದೆ. ಡಿಕ್ಕಿಯೊಳಗೇ ಬಗ್ಗಿ ಕ್ಲಿಪ್ ಹಾಕಿದರೆ ಗ್ಯಾಸ್, ಕಿಡಿ, ನಿಮ್ಮ ಮುಖ ಮೂರೂ ಒಂದೇ ಕಡೆ ಸೇರುತ್ತವೆ. ಇನ್ನೊಂದು ಸಂಗತಿ: ಅನೇಕ ಹೊಸ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಸೆನ್ಸರ್ ಕೂತಿರುತ್ತದೆ. ಅದಕ್ಕೆ ಕ್ಲಿಪ್ ಕಚ್ಚಿಸಿದರೆ ಸೆನ್ಸರ್ ಹಾಳಾಗಬಹುದು.

ಸಹಾಯದ ಕಾರು ಸ್ಟಾರ್ಟ್ ಮಾಡಿ, 1500 ಆರ್‌ಪಿಎಂ ಸುಮಾರಿಗೆ 5ರಿಂದ 10 ನಿಮಿಷ ಓಡಲಿ. ಆಮೇಲೆ ನಿಂತ ಕಾರಿನ ಸೆಲ್ಫ್ ಹೊಡೆಯಿರಿ, ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚಲ್ಲ. ಹತ್ತದಿದ್ದರೆ ಒಂದು ನಿಮಿಷ ಬಿಟ್ಟು ಮತ್ತೆ. ಬರೀ ಟಕ್ ಟಕ್ ಎಂದರೆ ಬಹುಪಾಲು ಕ್ಲಿಪ್ ಹಿಡಿತವೇ ಸಡಿಲ. ಇಗ್ನಿಷನ್ ಆಫ್ ಮಾಡಿ, ಕ್ಲಿಪ್ಪಿನ ಹಲ್ಲು ಪಿನ್ನಿನ ಲೋಹಕ್ಕೆ ಕಚ್ಚುವಂತೆ ಎಡಬಲ ತಿರುಚಿ. ಬಣ್ಣ ಬಳಿದ ಬೋಲ್ಟ್ ಅರ್ತ್ ಕೊಡುವುದಿಲ್ಲ. ಡ್ಯಾಶ್‌ಬೋರ್ಡ್ ಒಂದಿಷ್ಟೂ ಬೆಳಗದಿದ್ದರೆ ಪ್ಲಸ್ ಮೈನಸ್ ಇನ್ನೊಮ್ಮೆ ನೋಡಿ. ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತದಿದ್ದರೆ ತೊಂದರೆ ಬ್ಯಾಟರಿಯದ್ದಲ್ಲ, ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಕಾರು ಹತ್ತಿದ ಕೂಡಲೇ ಕ್ಲಿಪ್ ಕೀಳಬೇಡಿ. ಹತ್ತಿದ ಕಾರಿನ ಬ್ಲೋವರ್ ಮತ್ತು ಹಿಂದಿನ ಗಾಜಿನ ಹೀಟರ್ ಆನ್ ಮಾಡಿ, ಕ್ಲಿಪ್ ಬಿಡುವಾಗ ವೋಲ್ಟೇಜ್ ಏಕಾಏಕಿ ಜಿಗಿದರೆ ಅವು ತಡೆದುಕೊಳ್ಳುತ್ತವೆ. ಹೆಡ್‌ಲೈಟ್ ಮಾತ್ರ ಆಫ್ ಇರಲಿ. ಹಾಕಿದ ಕ್ರಮಕ್ಕೆ ಪೂರ್ತಿ ಉಲ್ಟಾ ತೆಗೆಯಿರಿ: ಅರ್ತ್‌ನ ಕಪ್ಪು ಮೊದಲು, ಪಿನ್ನಿನ ಕೆಂಪು ಕೊನೆಗೆ. ಕ್ಲಿಪ್‌ಗಳು ಗಾಳಿಯಲ್ಲಿ ತೂಗಾಡಿ ಒಂದಕ್ಕೊಂದು ತಾಗದಂತೆ ಹಿಡಿದುಕೊಳ್ಳಿ.

ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟರ್ ಕೂಡ ಇರುವ ಹೈಬ್ರಿಡ್‌ಗಳಲ್ಲಿ, ಉದಾಹರಣೆಗೆ ಟೊಯೊಟಾ ಪ್ರಿಯಸ್‌ನ ಹಲವು ಮಾದರಿಗಳಲ್ಲಿ, ಪಿನ್ ಬಾನೆಟ್ ಕೆಳಗಿನ ಫ್ಯೂಸ್ ಬಾಕ್ಸ್ ಒಳಗಿದೆ. ಅಲ್ಲಿ 12 ವೋಲ್ಟ್ ಬೇಕಿರುವುದು ಕಂಪ್ಯೂಟರ್ ಎಬ್ಬಿಸಲಿಕ್ಕೆ ಅಷ್ಟೇ, ಹಾಗಾಗಿ ಬೇಗ ಹತ್ತುತ್ತದೆ. ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬೇಡಿ, ಅದರಲ್ಲಿ ಜೀವ ತೆಗೆಯುವ ವೋಲ್ಟೇಜ್ ಇದೆ. ಹೈಬ್ರಿಡ್‌ನಿಂದ ಬೇರೆ ಕಾರಿಗೆ ಕರೆಂಟ್ ಕೊಡಲೂ ಹೋಗಬೇಡಿ.

ಲಿಥಿಯಂ ಜಂಪ್ ಸ್ಟಾರ್ಟರ್ (ಇನ್ನೊಂದು ಕಾರಿಲ್ಲದೆಯೇ ಸ್ಟಾರ್ಟ್ ಮಾಡಿಸುವ ಸಣ್ಣ ಬ್ಯಾಟರಿ ಪೆಟ್ಟಿಗೆ) ಇದ್ದವರು ಅದನ್ನೂ ಇದೇ ಪಿನ್‌ಗಳಿಗೆ ಹಾಕಬಹುದು. ಬ್ಯಾಟರಿ ತೀರಾ ಸತ್ತಿದ್ದರೆ ಅದು ಬ್ಯಾಟರಿಯನ್ನೇ ಗುರುತಿಸುವುದಿಲ್ಲ, ಬೂಸ್ಟ್ ಬಟನ್ ಒತ್ತಬೇಕಾಗುತ್ತದೆ. ಬೂಸ್ಟ್‌ನಲ್ಲಿ ಉಲ್ಟಾ ಜೋಡಣೆಯ ರಕ್ಷಣೆ ಕೆಲಸ ಮಾಡದಿರಬಹುದು. ಒತ್ತುವ ಮೊದಲು ಪ್ಲಸ್ ಮೈನಸ್ ಬೆರಳಿಟ್ಟು ನೋಡಿ.

ಎಂಜಿನ್ ಓಡುವಾಗ ಪಿನ್‌ಗಳ ನಡುವೆ ಮಲ್ಟಿಮೀಟರ್ 13.8ರಿಂದ 14.4 ವೋಲ್ಟ್ ತೋರಿಸಿದರೆ, ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಸರಿಯಿದೆ. 12ರ ಆಸುಪಾಸಿನಲ್ಲೇ ನಿಂತಿದ್ದರೆ ದಾರಿಯಲ್ಲಿ ಮತ್ತೆ ನಿಲ್ಲುತ್ತೀರಿ. ಅರ್ಧ ಗಂಟೆ ಓಡಿಸಿದರೆ ಇನ್ನೊಂದು ಸಲ ಸ್ಟಾರ್ಟ್ ಆಗುವಷ್ಟು ತುಂಬಬಹುದು, ಬ್ಯಾಟರಿ ಪೂರ್ತಿ ತುಂಬುವುದಿಲ್ಲ. ಮನೆಗೆ ಬಂದು ಚಾರ್ಜರ್ ಹಾಕಿ ರಾತ್ರಿಯಿಡೀ ಬಿಡಿ, ಅದಕ್ಕೂ ಇದೇ ಎರಡು ಪಿನ್ ಸಾಕು. ಡಿಕ್ಕಿಯದ್ದು ಎಜಿಎಂ (ಆಸಿಡನ್ನು ಗಾಜಿನ ನಾರಿನ ಪದರ ಹೀರಿಟ್ಟುಕೊಂಡಿರುವ) ಬ್ಯಾಟರಿ ಆಗಿದ್ದರೆ ಚಾರ್ಜರ್‌ನಲ್ಲೂ ಎಜಿಎಂ ಆಯ್ಕೆಯನ್ನೇ ಒತ್ತಿ. ಬೆಳಿಗ್ಗೆ ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ಅಳೆದಾಗ 12.6 ವೋಲ್ಟ್ ನಿಲ್ಲದೆ 12.2ಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಗೆ ದುಡ್ಡು ತೆಗೆದಿಡಿ.