ಮೌಸಿನ ಆಟ ಹೆಬ್ಬೆರಳಿಗೆ: ಪಿಸಿ ಶೂಟರನ್ನು ಕನ್ಸೋಲಿಗೆ ಇಳಿಸಿದ ನನ್ನ ಅನುಭವ

ಪಿಸಿಯಲ್ಲಿ ಚೆನ್ನಾಗಿ ಓಡುತ್ತಿದ್ದ ಒಂದು ಮಲ್ಟಿಪ್ಲೇಯರ್ ಶೂಟರ್ ಆಟವನ್ನು, ಅಂದರೆ ಹಲವರು ಸೇರಿ ಗುಂಡು ಹಾರಿಸಿ ಆಡುವ ಆಟವನ್ನು, ಎಕ್ಸ್‌ಬಾಕ್ಸ್ 360 ಮತ್ತು ಪ್ಲೇಸ್ಟೇಷನ್ 3 ಅನ್ನುವ ಕನ್ಸೋಲುಗಳಿಗೆ (ಟಿವಿಗೆ ಜೋಡಿಸಿ ಆಡುವ ಯಂತ್ರಗಳಿಗೆ) ಇಳಿಸುವ ಕೆಲಸ ಬೆಂಗಳೂರಿನ ನಮ್ಮ ತಂಡಕ್ಕೆ ಬಂದಿತ್ತು. ಆಟದ ಹೆಸರು ಹೇಳುವ ಹಾಗಿಲ್ಲ, ಸಹಿ ಹಾಕಿದ ಕಾಗದ ಇದೆ. ಹೇಳದಿದ್ದರೂ ನಷ್ಟವೇನಿಲ್ಲ. ಆ ಕಾಲದಲ್ಲಿ ಯಾವ ಪಿಸಿ ಶೂಟರ್ ತಂದಿದ್ದರೂ ತಲೆನೋವು ಹೆಚ್ಚುಕಡಿಮೆ ಇದೇ ಆಗಿರುತ್ತಿತ್ತು. ಕೋಡ್ ಕಂಪೈಲ್ ಆಗಿ ಟಿವಿಯಲ್ಲಿ ಚಿತ್ರ ಬಂದರೆ ಪೋರ್ಟ್, ಅಂದರೆ ಈ ಇಳಿಸುವ ಕೆಲಸ, ಮುಗಿಯಿತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಚಿತ್ರವೇನೋ ಬೇಗ ಬಂತು. ಆಡೋಕೆ ಕೂತವರಿಗೆ ಮಾತ್ರ ಮಜಾ ಬರಲಿಲ್ಲ.

ಯಂತ್ರದ ಕಥೆಯನ್ನು ಬೇಗ ಮುಗಿಸಿಬಿಡುತ್ತೇನೆ. ಪಿಸಿಯ ಪ್ರೊಸೆಸರ್ ಒಂದು ಸಂಖ್ಯೆಯ ಬೈಟ್‌ಗಳನ್ನು, ಅಂದರೆ ಅದರ ತುಂಡುಗಳನ್ನು, ಕಡಿಮೆ ಬೆಲೆಯ ಸ್ಥಾನದಿಂದ ಹೆಚ್ಚು ಬೆಲೆಯ ಸ್ಥಾನದ ಕ್ರಮದಲ್ಲಿ ಜೋಡಿಸಿಡುತ್ತದೆ. ಆ ಎರಡೂ ಕನ್ಸೋಲುಗಳಲ್ಲಿ ಇದ್ದದ್ದು ಪವರ್‌ಪಿಸಿ ಜಾತಿಯ ಪ್ರೊಸೆಸರ್, ಅದರ ಕ್ರಮ ಉಲ್ಟಾ. ಪಿಸಿಗೆ ಅಂತ ಮಾಡಿದ ಮ್ಯಾಪ್ (ಆಟ ನಡೆಯುವ ಜಾಗ) ಫೈಲನ್ನು ಹಾಗೇ ಓದಿಸಿದರೆ 1 ಅಂತ ಬರೆದದ್ದು 1,67,77,216 ಆಗುತ್ತದೆ. ದಶಮಾಂಶದ 1.0 ಆದರೋ ಸೊನ್ನೆಗೆ ಅಂಟಿಕೊಂಡ ಒಂದು ಸಂಖ್ಯೆಯಾಗುತ್ತದೆ. ಹೀಗಾಗಿ ಶುರುವಿನಲ್ಲಿ ಬಾಗಿಲುಗಳು ತೆರೆಯುತ್ತಲೇ ಇರಲಿಲ್ಲ, ಗುಂಡುಗಳು ಮಾತ್ರ ಒಂದೂವರೆ ಕೋಟಿಗಿಂತ ಜಾಸ್ತಿ ಇದ್ದವು! ಇದಕ್ಕೆ ಮದ್ದು ಎಲ್ಲರಿಗೂ ಗೊತ್ತಿರುವುದೇ. ಫೈಲುಗಳನ್ನು ಆಟದೊಳಗೆ ತಿರುಗಿಸುತ್ತಾ ಕೂರದೆ, ಡಿಸ್ಕ್ ತಯಾರಿಸುವಾಗಲೇ ತಿರುಗಿಸಿ ಇಡಬೇಕು.

ಮೆಮೊರಿ ಇನ್ನೊಂದು ಗೋಳು. ಎಕ್ಸ್‌ಬಾಕ್ಸ್ 360ರಲ್ಲಿ 512 ಎಂಬಿ ಒಂದೇ ರಾಶಿ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಇಬ್ಬರೂ ಹಂಚಿಕೊಂಡು ತಿನ್ನಬೇಕು. ಪ್ಲೇಸ್ಟೇಷನ್ 3ರಲ್ಲೂ ಮೊತ್ತ ಅಷ್ಟೇ, ಆದರೆ 256 ಮತ್ತು 256 ಅಂತ ಎರಡು ಪಾಲು. ಗ್ರಾಫಿಕ್ಸ್ ಪಾಲಿನಿಂದ ಪ್ರೊಸೆಸರ್ ಏನಾದರೂ ಓದಲು ಹೋದರೆ ತೀರಾ ನಿಧಾನ. ಪಿಸಿಯಲ್ಲಿ ಮೆಮೊರಿ ಸಾಲದಿದ್ದರೆ ವಿಂಡೋಸ್ ಹಾರ್ಡ್ ಡಿಸ್ಕಿಗೆ ಸರಿಸಿ ಹೇಗೋ ಸಂಭಾಳಿಸುತ್ತದೆ. ಕನ್ಸೋಲಿನಲ್ಲಿ ಆ ಮರ್ಯಾದೆ ಇಲ್ಲ, ಸಾಲದಿದ್ದರೆ ಆಟ ಅಲ್ಲೇ ಬೀಳುತ್ತದೆ. ಅದೂ ಮೊದಲ ಮ್ಯಾಪಿನಲ್ಲಿ ಅಲ್ಲ, ರಾತ್ರಿಯಿಡೀ ಮ್ಯಾಪ್ ಬದಲಿಸುತ್ತಾ ಓಡಿಸಿದ ಮೇಲೆ. ಖಾಲಿ ಜಾಗ ಒಟ್ಟಾರೆ ಬೇಕಾದಷ್ಟಿದ್ದರೂ ಚೂರುಚೂರಾಗಿ ಹರಡಿರುತ್ತದೆ, ಅದಕ್ಕೆ. ಕೊನೆಗೆ ಪ್ರತಿ ಮ್ಯಾಪಿಗೆ ಒಂದೇ ದೊಡ್ಡ ತುಂಡು ಹಿಡಿದು, ಮ್ಯಾಪ್ ಮುಗಿದಾಗ ಇಡೀ ತುಂಡನ್ನೇ ಗುಡಿಸಿಬಿಡುವ ಹಳೇ ಪದ್ಧತಿಗೆ ಹೋದೆವು. ಇಷ್ಟು ಸಾಕು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ, ಅಂದರೆ ಹೆಬ್ಬೆರಳಿಗೆ.

ಮೌಸನ್ನು ನಾಲ್ಕು ಇಂಚು ಸರಿಸಿದರೆ ನೋಟ ಅಷ್ಟಕ್ಕೆ ತಕ್ಕಷ್ಟು ತಿರುಗಿ ನಿಲ್ಲುತ್ತದೆ. ಕೈ ನಿಂತರೆ ನೋಟವೂ ನಿಂತಿತು. ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಮೇಲೆ ಹೆಬ್ಬೆರಳಿನಿಂದ ವಾಲಿಸುವ ಸ್ಟಿಕ್ ಹಾಗಲ್ಲ. ಅದನ್ನು ಎಷ್ಟು ವಾಲಿಸುತ್ತೀರಿ ಅನ್ನುವುದು ತಿರುಗುವ ವೇಗವನ್ನು ಹೇಳುತ್ತದೆ, ಎಲ್ಲಿ ನಿಲ್ಲಬೇಕು ಅನ್ನುವುದನ್ನು ಹೇಳುವುದಿಲ್ಲ. ನಲ್ಲಿ ತಿರುಗಿಸಿ ಬಿಂದಿಗೆಯ ಕಂಠದವರೆಗೆ ಸರಿಯಾಗಿ ನೀರು ನಿಲ್ಲಿಸಿದ ಹಾಗೆ ಅದು: ಸರಿಯಾದ ಹೊತ್ತಿಗೆ ಬಿಟ್ಟರೆ ಸರಿ, ಇಲ್ಲದಿದ್ದರೆ ಚೆಲ್ಲಿತು. ಪಿಸಿ ಆಟಗಾರ ಹಿಂದಿನಿಂದ ಗುಂಡು ಬಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತಿರುಗಿ ಉತ್ತರ ಕೊಡುತ್ತಾನೆ. ಸ್ಟಿಕ್‌ನಲ್ಲಿ ಸೆಕೆಂಡಿಗೆ 200 ಡಿಗ್ರಿ ವೇಗ ಕೊಟ್ಟರೂ ಹಿಂದಕ್ಕೆ ತಿರುಗಲು ಹತ್ತಿರ ಹತ್ತಿರ ಒಂದು ಸೆಕೆಂಡ್ ಬೇಕು. ಅಷ್ಟರಲ್ಲಿ ಅವನ ಕಥೆ ಮುಗಿದಿರುತ್ತದೆ. ವೇಗ ಹೆಚ್ಚಿಸೋಣ ಅಂದರೆ ದೂರದ ಗುರಿ ಹಿಡಿಯುವಾಗ ಕ್ರಾಸ್‌ಹೇರ್, ಅಂದರೆ ಪರದೆಯ ನಡುವಿನ ಗುರಿಯ ಗುರುತು, ಆ ಕಡೆ ಈ ಕಡೆ ಹಾರುತ್ತದೆ.

ಮೊದಲು ಡೆಡ್ ಝೋನ್, ಅಂದರೆ ಸ್ಟಿಕ್ ಅಲ್ಲಾಡಿದರೂ ಆಟ ಲೆಕ್ಕಕ್ಕೆ ಹಿಡಿಯದ ನಡುವಿನ ಜಾಗ. ಬೆರಳು ತೆಗೆದ ಮೇಲೂ ಸ್ಟಿಕ್ ಸರಿಯಾಗಿ ನಡುವಿಗೆ ಬಂದು ನಿಲ್ಲುವುದಿಲ್ಲ, ಹಳೆಯದಾದಷ್ಟೂ ಜಾಸ್ತಿ ಸಡಿಲ. ಎಕ್ಸ್‌ಬಾಕ್ಸ್ ಕಂಟ್ರೋಲರ್ ಒಂದೊಂದು ದಿಕ್ಕಿಗೆ -32768ರಿಂದ 32767ರವರೆಗೆ ಸಂಖ್ಯೆ ಕೊಡುತ್ತದೆ. ಬಲ ಸ್ಟಿಕ್ಕಿಗೆ 8689ರ ಒಳಗಿನದನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ ಕಂಟ್ರೋಲರ್ ಓದಲು ಮೈಕ್ರೋಸಾಫ್ಟ್ ಕೊಡುವ ಎಕ್ಸ್‌ಇನ್‌ಪುಟ್ ಹೆಡರ್ ಫೈಲಿನಲ್ಲೇ ಬರೆದಿದೆ. ಅಂದರೆ ಕಾಲು ಭಾಗಕ್ಕಿಂತ ಜಾಸ್ತಿ! ಪ್ಲೇಸ್ಟೇಷನ್ 3ರ ಸ್ಟಿಕ್ ಕೊಡುವುದು 0ರಿಂದ 255ರವರೆಗೆ ಮಾತ್ರ. ಅದರಲ್ಲೂ ಇಷ್ಟು ಭಾಗ ಕತ್ತರಿಸಿದರೆ ಸೂಕ್ಷ್ಮವಾಗಿ ಗುರಿಯಿಡಲು ಏನುಳಿಯುತ್ತದೆ, ಹೇಳಿ?

ಅಡ್ಡ ಮತ್ತು ಉದ್ದಕ್ಕೆ ಬೇರೆ ಬೇರೆಯಾಗಿ ಡೆಡ್ ಝೋನ್ ಕತ್ತರಿಸುವುದು ಸುಲಭ. ಆದರೆ ಹಾಗೆ ಮಾಡಿದರೆ ನೋಟ ಓರೆಯಾಗಿ ಹೋಗಲು ಒಪ್ಪುವುದಿಲ್ಲ, ನೇರ ಅಡ್ಡಕ್ಕೆ ಅಥವಾ ನೇರ ಮೇಲಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ನಡುವಿನಿಂದ ಸ್ಟಿಕ್ ಎಷ್ಟು ದೂರ ಬಂದಿದೆ ಅನ್ನುವುದನ್ನು ನೋಡಿ, ವೃತ್ತದ ಆಕಾರದಲ್ಲಿ ಕತ್ತರಿಸಬೇಕು. ಕತ್ತರಿಸಿದ ಅಂಚಿನಲ್ಲೇ ಮತ್ತೆ ಸೊನ್ನೆಯಿಂದ ಎಣಿಸಲು ಶುರು ಮಾಡಬೇಕು. ಇಲ್ಲದಿದ್ದರೆ ಅಂಚು ದಾಟಿದ ಕೂಡಲೇ ನೋಟ ಥಟ್ಟನೆ ಜಿಗಿಯುತ್ತದೆ. ಅದರ ಮೇಲೆ ಒಂದು ಕರ್ವ್: ಸ್ಟಿಕ್ ಅರ್ಧ ವಾಲಿದರೆ ಪೂರ್ತಿ ವೇಗದ ಕಾಲು ಭಾಗ ಮಾತ್ರ. ತುದಿಗೆ ಒತ್ತಿ ಹಿಡಿದರೆ ಸ್ವಲ್ಪ ಹೊತ್ತಿನ ಮೇಲೆ ಇನ್ನೂ ವೇಗ. ಇದಿಷ್ಟಕ್ಕೇ ಆಟ ಕೈಗೆ ಕೂರತೊಡಗಿತು.

ಆಮೇಲೆ ಏಮ್ ಅಸಿಸ್ಟ್, ಅಂದರೆ ಗುರಿಯಿಡಲು ಆಟವೇ ಮಾಡುವ ಸಹಾಯ. ಪಿಸಿ ಆಡುವವರ ಮುಂದೆ ಈ ಮಾತೆತ್ತಿದರೆ ಮೂಗು ಮುರಿಯುತ್ತಾರೆ, ಮೋಸ ಅನ್ನುತ್ತಾರೆ. ಅದಿಲ್ಲದೆ ಕಂಟ್ರೋಲರಿನಲ್ಲಿ ಆಡಲು ಕೂತ ಯಾರೂ ನಮ್ಮಲ್ಲಿ ಹೆಚ್ಚು ಹೊತ್ತು ಆಡಲಿಲ್ಲ. ನಾವು ಎರಡು ಬಗೆ ಇಟ್ಟೆವು. ಒಂದು ಫ್ರಿಕ್ಷನ್: ಕ್ರಾಸ್‌ಹೇರ್ ಎದುರಾಳಿಯ ಹತ್ತಿರ ಬಂದರೆ ತಿರುಗುವ ವೇಗ ತಗ್ಗುತ್ತದೆ. ಇನ್ನೊಂದು ಅಡೆಶನ್, ಅಂದರೆ ಅಂಟು: ನೀವು ಪಕ್ಕಕ್ಕೆ ಸರಿಯುತ್ತಿದ್ದರೆ, ಇಲ್ಲವೇ ಎದುರಾಳಿ ಸರಿಯುತ್ತಿದ್ದರೆ, ಆ ಚಲನೆಯ ಒಂದು ಪಾಲನ್ನು ಆಟವೇ ನಿಮ್ಮ ನೋಟಕ್ಕೆ ಸೇರಿಸುತ್ತದೆ. ನೀವು ಸ್ಟಿಕ್ ಮುಟ್ಟದೆ ಸುಮ್ನೆ ನಿಂತಿದ್ದರೆ ಏನೂ ಸೇರಿಸಬಾರದು. ಸೇರಿಸಿದರೆ ಆಟ ತನ್ನಷ್ಟಕ್ಕೆ ತಾನೇ ಆಡುತ್ತಿದೆ ಅನ್ನಿಸಿ ಕಿರಿಕಿರಿಯಾಗುತ್ತದೆ.

ಒಬ್ಬರೇ ಆಡುವ ಆಟದಲ್ಲಿ ಇಷ್ಟಕ್ಕೇ ಮುಗಿಯುತ್ತಿತ್ತು. ಮಲ್ಟಿಪ್ಲೇಯರಿನಲ್ಲಿ ಇದೇ ದೊಡ್ಡ ತೂತು. ಗೋಡೆಯ ಹಿಂದೆ ಒಬ್ಬ ಅಡಗಿದ್ದಾನೆ ಅಂದುಕೊಳ್ಳಿ. ನೀವು ಸುಮ್ನೆ ಆ ಗೋಡೆಯ ಮೇಲೆ ಕ್ರಾಸ್‌ಹೇರ್ ಆಡಿಸುತ್ತೀರಿ. ಒಂದು ಕಡೆ ನೋಟ ಸ್ವಲ್ಪ ತಡೆದು ಹೋಗುತ್ತದೆ. ಹೆಬ್ಬೆರಳಿಗೆ ಗೊತ್ತಾಗಿಬಿಟ್ಟಿತು, ಅಲ್ಲಿ ಯಾರೋ ಇದ್ದಾರೆ! ಯಾವ ಕಳ್ಳ ಸಾಫ್ಟ್‌ವೇರೂ ಬೇಡ. ಹಾಗಾಗಿ ಪ್ರತಿ ಫ್ರೇಮಿನಲ್ಲೂ ಎದುರಾಳಿಯ ತಲೆ, ಎದೆಗಳಿಗೆ ಕಣ್ಣಿನಿಂದ ಗೆರೆ ಎಳೆದು, ನಡುವೆ ಏನಾದರೂ ಅಡ್ಡ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಮಾತ್ರ ಫ್ರಿಕ್ಷನ್ ಕೊಡಬೇಕು. ಹೊಗೆ ಬಾಂಬಿನ ಹೊಗೆಗೆ ಗೋಡೆಯ ಹಾಗೆ ತಡೆಯುವ ಮೈ ಇಲ್ಲ, ಗೆರೆ ಆರಾಮಾಗಿ ತೂರಿ ಹೋಗುತ್ತದೆ. ಅದಕ್ಕಾಗಿ ಏಮ್ ಅಸಿಸ್ಟಿಗೆ ಮಾತ್ರ ಕಾಣುವ ಗೋಳಗಳನ್ನು ಹೊಗೆಯೊಳಗೆ ಇಟ್ಟೆವು. ಮಾಯವಾಗಿ ಓಡಾಡುವ ಪಾತ್ರಕ್ಕೆ, ಸತ್ತಂತೆ ನಟಿಸುವವನಿಗೆ, ನಮ್ಮದೇ ತಂಡದವನಿಗೆ ಬೇರೆ ಬೇರೆ ನಿಯಮ ಬೇಕಾಯಿತು. ಈ ಪಟ್ಟಿ ಕೊನೆಯವರೆಗೂ ಬೆಳೆಯುತ್ತಲೇ ಹೋಯಿತು.

ಬಟನ್‌ಗಳ ವಿಷಯ ಚಿಕ್ಕದು ಅನ್ನಿಸಬಹುದು. ಜಿಗಿಯಲು ಎ ಬಟನ್ ಅಂದರೆ ಎಲ್ಲರಿಗೂ ರೂಢಿ. ಆದರೆ ಎ ಒತ್ತಬೇಕಾದರೆ ಬಲ ಹೆಬ್ಬೆರಳು ಸ್ಟಿಕ್ ಬಿಡಬೇಕು, ಅಂದರೆ ಜಿಗಿಯುವಾಗ ಗುರಿ ಇಲ್ಲ. ನಮ್ಮ ಆಟದಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವುದೇ ಮುಖ್ಯ. ಹಾಗಾಗಿ ಜಿಗಿತವನ್ನು ತೋರುಬೆರಳಿಗೆ ಸಿಗುವ ಬಂಪರ್ ಬಟನ್ನಿಗೆ ಕೊಡುವ ಇನ್ನೊಂದು ಜೋಡಣೆಯನ್ನೂ ಇಟ್ಟೆವು. ಚೆನ್ನಾಗಿ ಆಡುವವರು ಅದನ್ನೇ ಹುಡುಕಿ ಹಿಡಿದರು. ಓಡುವ ವೇಗವನ್ನೂ ಸ್ವಲ್ಪ ತಗ್ಗಿಸಿದೆವು, ಇಕ್ಕಟ್ಟಾದ ಕೆಲವು ಓಣಿಗಳನ್ನು ಅಗಲ ಮಾಡಿದೆವು. ಮೂಲ ತಂಡದ ಡಿಸೈನರುಗಳಿಗೆ ಇದು ಎಳ್ಳಷ್ಟೂ ಇಷ್ಟವಿರಲಿಲ್ಲ. ಮೌಸ್ ಪಕ್ಕಕ್ಕಿಟ್ಟು ಒಂದು ಸಂಜೆ ಕಂಟ್ರೋಲರಿನಲ್ಲಿ ಆಡಿಸಿದ ಮೇಲೆ ಒಪ್ಪಿದರು. ಹಾಗೆ ನೋಡಿದರೆ 2007ರಲ್ಲಿ ಅನ್‌ರಿಯಲ್ ಟೂರ್ನಮೆಂಟ್ 3 ಪ್ಲೇಸ್ಟೇಷನ್ 3ಕ್ಕೆ ಬಂದಾಗ ಕೀಬೋರ್ಡ್, ಮೌಸ್ ಎರಡನ್ನೂ ಜೋಡಿಸಿ ಆಡಲು ಬಿಟ್ಟಿದ್ದರು. ಒಳ್ಳೆಯದೇ, ಆದರೆ ಸೋಫಾ ಮೇಲೆ ಕೂತವನ ಹತ್ತಿರ ಮೇಜು ಎಲ್ಲಿರುತ್ತದೆ?

ನೆಟ್‌ವರ್ಕಿನ ಲೆಕ್ಕ ಬೇರೆಯೇ. ಪಿಸಿಯಲ್ಲಿ ಆಟಗಾರರೇ ಸರ್ವರ್ ಬಾಡಿಗೆಗೆ ಹಿಡಿದು ನಡೆಸುತ್ತಿದ್ದರು. ಕನ್ಸೋಲಿನಲ್ಲಿ ಪಬ್ಲಿಷರ್ ಸರ್ವರಿಗೆ ದುಡ್ಡು ಬಿಚ್ಚಲಿಲ್ಲ. ಆಡುವವರಲ್ಲೇ ಒಬ್ಬರ ಕನ್ಸೋಲ್ ಹೋಸ್ಟ್ ಆಗಬೇಕು, ಅಂದರೆ ಸರ್ವರಿನ ಕೆಲಸ ಮಾಡಬೇಕು. ಲೆಕ್ಕ ಹಾಕಿ ನೋಡಿ: 16 ಜನ ಆಡುತ್ತಿದ್ದರೆ ಹೋಸ್ಟ್ ಬಿಟ್ಟು 15 ಜನರಿಗೆ, ಸೆಕೆಂಡಿಗೆ 20 ಸಲ, ಸಲಕ್ಕೆ 200 ಬೈಟ್. ಸೆಕೆಂಡಿಗೆ 60,000 ಬೈಟ್, ಅಂದರೆ 480 ಕಿಲೋಬಿಟ್ ಅಪ್‌ಲೋಡ್. ಭಾರತದಲ್ಲಿ ಆಗ 2004ರ ನೀತಿ ಪ್ರಕಾರ 256 ಕಿಲೋಬಿಟ್ ಡೌನ್‌ಲೋಡ್ ಇದ್ದರೆ ಅದೇ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳುತ್ತಿತ್ತು! ಹೊರದೇಶದ ಮನೆಗಳಲ್ಲೂ ಆಗ ಡೌನ್‌ಲೋಡ್ ಧಾರಾಳವಾಗಿತ್ತು, ಅಪ್‌ಲೋಡ್ ಮಾತ್ರ ಜಿಪುಣವಾಗಿತ್ತು.

ದಾರಿ ತೋರಿಸಿದ್ದು ಕ್ವೇಕ್ 3 ಅನ್ನುವ ಹಳೇ ಶೂಟರ್. ಅದರ ಸೋರ್ಸ್ ಕೋಡ್ 2005ರಲ್ಲಿ ಎಲ್ಲರಿಗೂ ಬಿಡುಗಡೆಯಾಯಿತು, ಈ ಕೆಲಸ ಮಾಡುವವರು ಒಮ್ಮೆ ಓದಲೇಬೇಕು. ನಿಮಗೆ ತಲುಪಿದೆ ಅಂತ ಖಾತ್ರಿಯಾದ ಕೊನೆಯ ಚಿತ್ರಣ ಯಾವುದೋ, ಅದಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಅದು ಕಳಿಸುತ್ತದೆ. ನಾವು ಅದರ ಮೇಲೆ, ದೂರ ಇರುವವರ ಸುದ್ದಿಯನ್ನು ಕಡಿಮೆ ಸಲ ಕಳಿಸುವ ಏರ್ಪಾಡು ಸೇರಿಸಿದೆವು. ಪಂದ್ಯ ಶುರುವಾಗುವ ಮುಂಚೆ ಯಾರ ಅಪ್‌ಲೋಡ್ ಗಟ್ಟಿ ಅಂತ ಅಳೆದು ಅವರನ್ನೇ ಹೋಸ್ಟ್ ಮಾಡಿದೆವು. ಹೋಸ್ಟ್ ಆದವನಿಗೆ ಪಿಂಗ್ (ಸುದ್ದಿ ಹೋಗಿ ಬರಲು ಹಿಡಿಯುವ ಹೊತ್ತು) ಸೊನ್ನೆ, ಅದು ಅನ್ಯಾಯವೇ. ಅವನು ಸೋತು ಸಿಟ್ಟಿನಲ್ಲಿ ಸ್ವಿಚ್ ಆರಿಸಿದರೆ ಇಡೀ ಪಂದ್ಯ ಬೇರೆಯವರ ಕನ್ಸೋಲಿಗೆ ಹಾರಬೇಕು. ಹೋಸ್ಟ್ ಮೈಗ್ರೇಷನ್ ಅನ್ನುವ ಈ ಭಾಗವನ್ನು ಬರೆದವನಿಗೆ ನಮ್ಮ ಆಫೀಸಿನಲ್ಲಿ ಎಲ್ಲರಿಗಿಂತ ಜಾಸ್ತಿ ಕಾಫಿ ಸಲ್ಲುತ್ತಿತ್ತು.

ಕೊನೆಗೆ ಸರ್ಟಿಫಿಕೇಷನ್. ಮೈಕ್ರೋಸಾಫ್ಟ್, ಸೋನಿ ಇಬ್ಬರೂ ತಮ್ಮ ತಮ್ಮ ನಿಯಮಗಳ ದಪ್ಪ ಪಟ್ಟಿ ಇಟ್ಟುಕೊಂಡು ಪರೀಕ್ಷೆ ಮಾಡುತ್ತಾರೆ. ಪಂದ್ಯದ ನಡುವೆ ಕಂಟ್ರೋಲರ್ ಕಿತ್ತರೆ ಏನು? ಸೇವ್ ಆಗುತ್ತಿರುವಾಗ ಮೆಮೊರಿ ಯುನಿಟ್ ಎಳೆದರೆ ಏನು? ಕಂಟ್ರೋಲರ್ ಹೋದರೆ ಆಟ ನಿಲ್ಲಬೇಕು ಅನ್ನುವುದು ಸರಿ, ಆದರೆ ಆನ್‌ಲೈನ್ ಪಂದ್ಯವನ್ನು ಒಬ್ಬನ ಬ್ಯಾಟರಿಗಾಗಿ ನಿಲ್ಲಿಸಲು ಆಗುತ್ತದೆಯೇ? ಸಂದೇಶ ತೋರಿಸಿ, ಆಟವನ್ನು ಹಿಂದೆ ಓಡಲು ಬಿಟ್ಟು, ಪಾಪ, ಅವನು ಗುಂಡು ತಿನ್ನುವುದನ್ನು ಅವನಿಗೇ ತೋರಿಸಿದೆವು. ಹಳೇ ಟಿವಿಗಳು ಚಿತ್ರದ ಅಂಚನ್ನು ನುಂಗುತ್ತಿದ್ದವು, ಹಾಗಾಗಿ ಮೂಲೆಯಲ್ಲಿದ್ದ ಗುಂಡಿನ ಲೆಕ್ಕ, ನಕ್ಷೆ ಎಲ್ಲವೂ ಒಳಕ್ಕೆ ಸರಿದವು. ಪಿಸಿಯ ಅಕ್ಷರಗಳು ಸೋಫಾದಿಂದ ಇರುವೆಯಷ್ಟು ಕಾಣುತ್ತಿದ್ದವು, ದೊಡ್ಡದಾದವು.

ಪ್ರತಿ ಪ್ಯಾಚಿಗೂ, ಅಂದರೆ ಬಿಡುಗಡೆಯಾದ ಮೇಲಿನ ಪ್ರತಿ ತಿದ್ದುಪಡಿಗೂ, ಇದೇ ಪರೀಕ್ಷೆ ಮತ್ತೆ. ಪಿಸಿಯಲ್ಲಿ ಬೆಳಿಗ್ಗೆ ತಿದ್ದಿ ಸಂಜೆ ಕಳಿಸುವವರಿಗೆ ಇದು ಅರ್ಥವೇ ಆಗುವುದಿಲ್ಲ. 2007ರಲ್ಲಿ ಆರೆಂಜ್ ಬಾಕ್ಸ್ ಅನ್ನುವ ಆಟಗಳ ಕಟ್ಟಿನ ಜೊತೆ ಟೀಮ್ ಫೋರ್ಟ್ರೆಸ್ 2 ಅನ್ನುವ ಶೂಟರ್ ಕನ್ಸೋಲಿಗೂ ಬಂತು. ಪಿಸಿಯದು ವರ್ಷಗಟ್ಟಲೆ ಬೆಳೆದು 2011ರಲ್ಲಿ ಪುಕ್ಕಟೆಯೂ ಆಯಿತು. ಕನ್ಸೋಲಿನದು ಹೆಚ್ಚುಕಡಿಮೆ ಹುಟ್ಟಿದ ಹಾಗೇ ಉಳಿಯಿತು. ನಮ್ಮದಕ್ಕೆ ಆ ಗತಿ ಬರಬಾರದು ಅಂತ ಬದಲಾಗಬಹುದಾದ ಸಂಖ್ಯೆಗಳನ್ನೆಲ್ಲಾ ಒಂದು ಚಿಕ್ಕ ಫೈಲಿಗೆ ಹಾಕಿದೆವು: ಓಟದ ವೇಗ, ರಾಕೆಟ್ ಸಿಡಿತ ತಲುಪುವ ದೂರ, ಫ್ರಿಕ್ಷನ್, ಅಡೆಶನ್. ಆಟ ಆನ್‌ಲೈನ್ ಹೋದಾಗಲೆಲ್ಲಾ ಅದನ್ನು ಇಳಿಸಿಕೊಳ್ಳುತ್ತಿತ್ತು, ಕೋಡ್ ಮುಟ್ಟಬೇಕಾಗಿರಲಿಲ್ಲ. ಬಿಡುಗಡೆಯಾದ ಮೇಲೆ ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ತಿದ್ದಿದ್ದು ಶಾಟ್‌ಗನ್ನಿನ ಅಡೆಶನ್. ಹತ್ತಿರದ ಗುಂಡಿನ ಕಾಳಗದಲ್ಲಿ ಅದು ಒಬ್ಬನಿಂದ ಇನ್ನೊಬ್ಬನಿಗೆ ನೋಟವನ್ನು ಎಳೆದೊಯ್ಯುತ್ತದೆ ಅಂತ ದೂರು ಬರುತ್ತಲೇ ಇತ್ತು. ಸ್ವಲ್ಪ ಸ್ವಲ್ಪವೇ ತಗ್ಗಿಸುತ್ತಾ ಹೋಗಿ ಕೊನೆಗೆ ಶಾಟ್‌ಗನ್ನಿಗೆ ಅದನ್ನು ಪೂರ್ತಿ ತೆಗೆದೆವು, ಫ್ರಿಕ್ಷನ್ ಮಾತ್ರ ಉಳಿಸಿದೆವು.