ಕಂಪನಿಗಳು ಬಿಟ್ಟ ಡಬ್ಬಿಗಳು, ನಮ್ಮ ತರಗತಿಯ ಕಂಪ್ಯೂಟರ್‌ಗಳು: ನನ್ನ ಅನುಭವ

ನಮ್ಮ ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಹನ್ನೆರಡು ಯಂತ್ರಗಳಿವೆ, ಹನ್ನೆರಡೂ ನಡೆಯುತ್ತಿವೆ. ಕೇಳಲು ಸಣ್ಣ ಸಂಗತಿ. ಆದರೆ ಸಂಡೂರು ತಾಲ್ಲೂಕಿನಲ್ಲಿ ಇಂಥ ಕೋಣೆಯ ಬೀಗದ ಕೈ ಇಟ್ಟುಕೊಂಡಿರುವ ಯಾವ ಶಿಕ್ಷಕರಿಗೆ ಹೇಳಿದರೂ ಮೊದಲು ನಗುತ್ತಾರೆ, ಆಮೇಲೆ ನೋಡಲು ಬರುತ್ತಾರೆ. ಇವು ಹೊಸ ಯಂತ್ರಗಳಲ್ಲ, ಕಚೇರಿಗಳು ಬಳಸಿ ಬಿಟ್ಟ ಪುಟ್ಟ ಡೆಸ್ಕ್‌ಟಾಪ್‌ಗಳು. "ಮಾಸ್ತರೇ, ಕಂಪನಿಯವರು ಬಿಸಾಡಿದ ಡಬ್ಬಿಗಳನ್ನು ತಂದು ನಮ್ಮ ಮಕ್ಕಳ ಮುಂದೆ ಇಡುತ್ತೀರೇನು?" ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಹಿರಿಯರೊಬ್ಬರು ನೇರವಾಗಿಯೇ ಕೇಳಿದ್ದರು. ಈಗ ಅವರೇ ಬೀಗರನ್ನು ಕರೆತಂದು ಕೋಣೆ ತೋರಿಸುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಟ್ಯಾಬ್‌ಗಳ ವಿಷಯ ಮುಗಿಸಿಬಿಡುತ್ತೇನೆ, ಏಕೆಂದರೆ ಹೆಚ್ಚಿನವರ ಮನಸ್ಸಿನಲ್ಲಿ ಇರುವುದು ಅವೇ. ಕೊರೊನಾ ಇಳಿಯುವ ಹೊತ್ತಿಗೆ ದಾನಿಗಳೊಬ್ಬರು ಇಪ್ಪತ್ತರ ಆಸುಪಾಸು ಟ್ಯಾಬ್ ಕೊಟ್ಟರು. ಫೋಟೊ ತೆಗೆಸಿಕೊಂಡೆವು, ಹಾರ ಹಾಕಿದೆವು. ಮೊದಲ ಆರು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಚಾರ್ಜಿಂಗ್ ಕಿಂಡಿಯ ಕಾಟ ಶುರುವಾಯಿತು. ಎಲ್ಲವೂ ಹಳೆಯ ಮೈಕ್ರೊ ಯುಎಸ್‌ಬಿ ಕಿಂಡಿಯವು. ಅವಸರದಲ್ಲಿ ಪಿನ್ನನ್ನು ತಿರುವುಮುರುವಾಗಿ ತುರುಕಿದರೆ ಒಳಗಿನ ಪುಟ್ಟ ನಾಲಿಗೆ ಮುರಿಯುತ್ತದೆ. ಹೊಸಪೇಟೆಯಲ್ಲಿ ಅದರ ದುರಸ್ತಿಗೆ ನಾಲ್ಕೈದು ನೂರು. ಗಾಜು ಒಡೆದರೆ ಎರಡೂವರೆ ಸಾವಿರ, ಅದೂ ಆ ಮಾದರಿಯ ಗಾಜು ಸಿಕ್ಕರೆ.

ದೊಡ್ಡ ಪೆಟ್ಟು ಬಿದ್ದದ್ದು ಬೇಸಿಗೆ ರಜೆಯಲ್ಲಿ. ಏಪ್ರಿಲ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿ, ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕುವುದು ಹಲವು ಶಾಲೆಗಳ ರೂಢಿ. ಬಳ್ಳಾರಿ ಸೀಮೆಯ ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಮುಚ್ಚಿದ ಕೋಣೆಯ ಬೀರುವಿನೊಳಗೆ ಎಷ್ಟಿರಬೇಡ. ಲಿಥಿಯಂ ಬ್ಯಾಟರಿಗೆ ತುಂಬಿದ ಚಾರ್ಜೂ ಸುಡುವ ಸೆಕೆಯೂ ಒಟ್ಟಿಗೆ ಆಗಿಬರುವುದಿಲ್ಲ. ಶಾಲೆ ಮತ್ತೆ ತೆರೆದಾಗ ಐದಾರು ಟ್ಯಾಬ್‌ಗಳ ಬೆನ್ನು ಉಬ್ಬಿ ಪರದೆ ಮೇಲಕ್ಕೆದ್ದಿತ್ತು. ಟ್ಯಾಬ್ ಇರುವವರು ರಜೆಗೆ ಮುಂಚೆ ಅರ್ಧ ಚಾರ್ಜ್‌ಗೆ ಇಳಿಸಿ, ಪೂರ್ತಿ ಆಫ್ ಮಾಡಿ, ಬೀರು ಬಿಟ್ಟು ತಂಪಾದ ಗೋಡೆಯ ಪಕ್ಕ ಮರದ ಪೆಟ್ಟಿಗೆಯಲ್ಲಿಡಿ. ಉಬ್ಬಿದ್ದನ್ನು ಒತ್ತಿ ಕೂರಿಸಲು ಹೋಗಬೇಡಿ, ಬೆಂಕಿ ಹತ್ತಬಹುದು.

ಬ್ಯಾಟರಿ ಸರಿಯಿದ್ದರೂ ನನಗೆ ಟ್ಯಾಬ್ ಒಗ್ಗುತ್ತಿರಲಿಲ್ಲ. ವಿಡಿಯೊ ನೋಡಲು ಅದು ಸರಿ. ಎಂಟನೇ ತರಗತಿಯ ಹುಡುಗಿ ತನ್ನ ಊರಿನ ಹತ್ತು ದಿನದ ಉಷ್ಣಾಂಶವನ್ನು ಕೋಷ್ಟಕಕ್ಕೆ ಹಾಕಿ ನಕ್ಷೆ ಬರೆಯಬೇಕೆಂದರೆ ಎಂಟು ಇಂಚಿನ ಪರದೆಯ ಮೇಲೆ ಬೆರಳೇ ಅರ್ಧ ಜಾಗ ತಿನ್ನುತ್ತದೆ. 2011ರಲ್ಲಿ ಕೇಂದ್ರ ಸರ್ಕಾರದ ಅಗ್ಗದ ಆಕಾಶ್ ಟ್ಯಾಬ್ ಬಂದಾಗಲೂ ಎಲ್ಲರೂ ಬೆಲೆಯನ್ನೇ ನೋಡಿದರು. 256 ಎಂಬಿ ರ್‍ಯಾಮ್, ಉಗುರಿನಿಂದ ಒತ್ತಿದರಷ್ಟೇ ಕೇಳುವ ಪರದೆ. ಅದರಲ್ಲಿ ಮಗು ಏನು ಮಾಡಬಲ್ಲದು ಎಂದು ಕೇಳಿದವರು ಕಡಿಮೆ.

ಅದಕ್ಕೂ ಮುಂಚೆ ನಮ್ಮಲ್ಲಿ ಒಂದೇ ಸಿಪಿಯುಗೆ ನಾಲ್ಕು ಮಾನಿಟರ್ ಜೋಡಿಸುವ ವ್ಯವಸ್ಥೆ ಇತ್ತು. ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. ಅದಕ್ಕೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಒಂದು ಸುಟ್ಟರೆ ನಾಲ್ಕು ಬೆಂಚು ಖಾಲಿ. ಹೆಚ್ಚು ಹೇಳುವುದಿಲ್ಲ.

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಬಗ್ಗೆ ಮಾತ್ರ ಹೇಳಲೇಬೇಕು, ಏಕೆಂದರೆ ಅದರ ಮೇಲೆ ನನಗೆ ಈಗಲೂ ಪ್ರೀತಿ. ಚಿಪ್ ಕೊರತೆಯ 2021–22ರಲ್ಲಿ ಸರಿಯಾದ ಬೆಲೆಗೆ ಸಿಗುತ್ತಲೇ ಇರಲಿಲ್ಲ. ಕಾದು ಎರಡು ಪೈ 4 ತಂದೆ. ಫ್ಯಾನ್ ಇಲ್ಲ, ಆದ್ದರಿಂದ ಕೆಂಪು ದೂಳು ಎಳೆಯುವುದಿಲ್ಲ. ಅದಿರು ಲಾರಿ ಓಡಾಡುವ ರಸ್ತೆಯ ಪಕ್ಕದ ಶಾಲೆಗೆ ಇದು ಸಣ್ಣ ಲಾಭವಲ್ಲ. ಆದರೆ ಕರೆಂಟ್ ಹಠಾತ್ತಾಗಿ ಹೋದಾಗ ಎಸ್‌ಡಿ ಕಾರ್ಡ್ ಕೆಡುತ್ತದೆ. ಕಾರ್ಡನ್ನು ಓದಲು ಮಾತ್ರ ಬಿಟ್ಟು ಬರೆಯುವುದನ್ನೆಲ್ಲ ರ್‍ಯಾಮ್‌ಗೆ ಕಳಿಸುವ ಓವರ್‌ಲೇ ವ್ಯವಸ್ಥೆ ಹಾಕಿದೆ, ಆ ಕಾಟ ನಿಂತಿತು. ಅಷ್ಟರಲ್ಲಿ ಆ ಕಾರ್ಡ್ ಮೊಬೈಲ್‌ಗೂ ಹಿಡಿಯುತ್ತದೆ ಎಂಬುದು ಒಂಬತ್ತನೇ ತರಗತಿಯ ಹುಡುಗರಿಗೆ ತಿಳಿಯಿತು. ಮುಂದೇನಾಯಿತೆಂದು ಹೇಳಬೇಕಿಲ್ಲ. ಪೈ, ಅಡಾಪ್ಟರ್, ಕೇಸು, ಕಾರ್ಡು, ಕೇಬಲ್ಲು ಎಲ್ಲ ಕೂಡಿಸಿದರೆ ಖರ್ಚೂ ಎಂಟು ಸಾವಿರದ ಹತ್ತಿರ ಬಂದಿತ್ತು.

ಗೆಳೆಯರೊಬ್ಬರು ಕ್ರೋಮ್‌ಬುಕ್, ಅಂದರೆ ಹೆಚ್ಚಾಗಿ ನೆಟ್ ಮೇಲೆಯೇ ನಡೆಯುವ ಗೂಗಲ್ ವ್ಯವಸ್ಥೆಯ ಲ್ಯಾಪ್‌ಟಾಪ್, ಹೊಗಳುತ್ತಿದ್ದರು. 2021ರಿಂದೀಚಿನ ಮಾದರಿಗಳಿಗೆ ಹತ್ತು ವರ್ಷ ಅಪ್‌ಡೇಟ್ ಕೊಡುವುದಾಗಿ ಗೂಗಲ್ 2023ರಲ್ಲಿ ಹೇಳಿದ್ದು ನಿಜ. ಆದರೆ ಅಗ್ಗಕ್ಕೆ ಸಿಗುವುದು ಅದಕ್ಕಿಂತ ಹಳೆಯವು, ಅವುಗಳಲ್ಲಿ ಅನೇಕದರ ಅವಧಿ ಮುಗಿದಿರುತ್ತದೆ. ಮೇಲಾಗಿ ನಮ್ಮಲ್ಲಿ ನೆಟ್ ಎಂದರೆ ನನ್ನ ಮೊಬೈಲ್, ಅದೂ ಕಿಟಕಿಯ ಪಕ್ಕ ಇಟ್ಟರೆ.

ಇಷ್ಟರಲ್ಲಿ ನನಗೊಂದು ಅಳತೆಗೋಲು ಸಿಕ್ಕಿತ್ತು. ಪಟ್ಟಿಯಲ್ಲಿ ಬರೆದ ಗಿಗಾಹರ್ಟ್ಸ್ ಬದಿಗಿಡಿ. ಈ ಯಂತ್ರದಲ್ಲಿ ಮಕ್ಕಳು ಮೊದಲು ಮುರಿಯುವುದು ಯಾವುದನ್ನು? ಅದೊಂದನ್ನೇ ಬೇರೆಯಾಗಿ ಕೊಳ್ಳಲು ಆಗುತ್ತದೆಯೇ? ಹೊಸಪೇಟೆಯಲ್ಲಿ ಐನೂರು ರೂಪಾಯಿಯೊಳಗೆ ಸಿಗುತ್ತದೆಯೇ? ಪ್ರತಿ ಬಗೆಯದನ್ನೂ ಒಂದೆರಡು ತಂದು, ಏನೂ ಉಪದೇಶ ಕೊಡದೆ ಎಂಟನೇ ತರಗತಿಯ ಕೈಗೆ ಒಂದು ತಿಂಗಳು ಬಿಡುವುದು ನನ್ನ ಪರೀಕ್ಷೆ. ಹಳೆಯ ಲ್ಯಾಪ್‌ಟಾಪ್ ಈ ಪರೀಕ್ಷೆಯಲ್ಲಿ ಸೋತಿತು. ಅದರ ಕೀಲಿಮಣೆಯ ಒಂದು ಗುಂಡಿ ಕಿತ್ತರೆ ಇಡೀ ಕೀಲಿಮಣೆ ಬದಲಿಸಬೇಕು, ಕೀಲು ಸಡಿಲವಾದರೆ ಪರದೆಯ ತಂತಿಯೂ ಹೋಗುತ್ತದೆ. ಬ್ಯಾಟರಿಯಂತೂ ಬರುವಾಗಲೇ ಮುದಿಯಾಗಿರುತ್ತದೆ.

ಗೆದ್ದದ್ದು ಕಚೇರಿಗಳು ಬಿಟ್ಟುಕೊಡುವ ಪುಟ್ಟ ಡೆಸ್ಕ್‌ಟಾಪ್. ಲೆನೊವೊ ಥಿಂಕ್‌ಸೆಂಟರ್ ಟೈನಿ, ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ಮೂರೂ ಒಂದೇ ಜಾತಿ. ಸುಮಾರು 18 ಸೆಂಟಿಮೀಟರ್ ಉದ್ದಗಲ, ದಪ್ಪ ನಾಲ್ಕು ಸೆಂಟಿಮೀಟರ್ ಸಹ ಇಲ್ಲ. ಮಾನಿಟರ್‌ನ ಬೆನ್ನಿಗೆ ಸ್ಕ್ರೂ ಹಾಕಿ ಕೂರಿಸಿದರೆ ಕಣ್ಣಿಗೇ ಬೀಳುವುದಿಲ್ಲ. ನನ್ನವು ಆರನೇ, ಏಳನೇ ತಲೆಮಾರಿನ ಇಂಟೆಲ್ ಐ5, ಹೆಸರಿನ ಕೊನೆಗೆ ‘ಟಿ’ ಇರುವ 35 ವಾಟ್ ಪ್ರೊಸೆಸರ್‌ನವು. 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ (ಕಡತ ಉಳಿಸುವ ಭಾಗ). ವಿಂಡೋಸ್ 11 ಎಂಟನೇ ತಲೆಮಾರಿಗಿಂತ ಹಳೆಯ ಇಂಟೆಲ್ ಪ್ರೊಸೆಸರ್‌ಗಳನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ, ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಲಿತ್ತು. ಹಾಗಾಗಿ ಅದಕ್ಕೆ ವರ್ಷದ ಮುಂಚಿನಿಂದಲೇ ದೊಡ್ಡ ಕಚೇರಿಗಳು ಇವನ್ನು ಲಾಟ್‌ಗಟ್ಟಲೆ ಹೊರಹಾಕುತ್ತಿದ್ದವು. ನಮಗೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಸಾಕು. ಅವರ ತೊಂದರೆ ನಮ್ಮ ಅದೃಷ್ಟ.

ಬೆಂಗಳೂರಿನ ಎಸ್.ಪಿ. ರಸ್ತೆಯ ಬೆಲೆಗಳನ್ನು ನೆನಪಿನಿಂದ ಹೇಳುತ್ತೇನೆ, ನೂರಿನ್ನೂರು ಹೆಚ್ಚುಕಡಿಮೆ ಇರಬಹುದು. ಯಂತ್ರ ಎಂಟೂವರೆ ಸಾವಿರ, ಹಳೆಯ 19 ಇಂಚಿನ ಮಾನಿಟರ್ ಎರಡು ಸಾವಿರ ಚಿಲ್ಲರೆ, ಹೊಸ ಕೀಲಿಮಣೆ ಮತ್ತು ಮೌಸ್ ಸೇರಿ ಐನೂರೈವತ್ತು. ಒಂದು ಜಾಗಕ್ಕೆ ಹನ್ನೊಂದೂವರೆ ಸಾವಿರದೊಳಗೆ ಮುಗಿಯಿತು. ಹನ್ನೆರಡಕ್ಕೂ ಸಾಗಣೆ ಸೇರಿ ಒಂದು ಲಕ್ಷದ ನಲವತ್ತು ಸಾವಿರದ ಹತ್ತಿರ. ಇದೇ ದುಡ್ಡಿಗೆ ಹೊಸ ಡೆಸ್ಕ್‌ಟಾಪ್ ನಾಲ್ಕು ಬರುತ್ತಿದ್ದವು. 2025ರ ಕೊನೆಯಿಂದ ರ್‍ಯಾಮ್ ಬೆಲೆ ಏರಿದೆ, ಹಾಗಾಗಿ ಈಗ ಹೋಗುವವರು ರ್‍ಯಾಮ್ ಹಾಕಿಯೇ ಇರುವ ಯಂತ್ರವನ್ನೇ ಹಿಡಿಯಿರಿ, ಬರಿಯ ಡಬ್ಬಿ ತೆಗೆದುಕೊಂಡು ಆಮೇಲೆ ಹಾಕಿಸುತ್ತೇನೆ ಎನ್ನಬೇಡಿ.

ದುಡ್ಡು ಬಂದ ಬಗೆ ಬೇರೆಯೇ. ಸರ್ಕಾರಿ ಅನುದಾನದಲ್ಲಿ ಬಳಸಿದ ಯಂತ್ರ ಕೊಂಡರೆ ಲೆಕ್ಕಪರಿಶೋಧನೆಯಲ್ಲಿ ಉತ್ತರ ಕೊಡುತ್ತಾ ಕೂರಬೇಕು. ಆದ್ದರಿಂದ ಆ ದಾರಿಗೇ ಹೋಗಲಿಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಲಾರಿ ಇಟ್ಟಿದ್ದಾರೆ, ಕೆಲವರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಾರೆ, ಒಬ್ಬ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಘಟಕ ನಡೆಸುತ್ತಾನೆ. ಅವರಿಗೆ ದುಡ್ಡು ಕೇಳಲಿಲ್ಲ, ‘ಒಂದು ಯಂತ್ರ’ ಕೇಳಿದೆ. ದುಡ್ಡು ಕೇಳಿದರೆ ಐನೂರು ಕೊಡುವವರು ಯಂತ್ರ ಎಂದರೆ ಪೂರ್ತಿ ಕೊಡುತ್ತಾರೆ, ಹೆಸರು ಬರೆಯುವ ಜಾಗವಿರುತ್ತದಲ್ಲ. ಪ್ರತಿಯೊಂದನ್ನೂ ದಾನವೆಂದು ದಾಸ್ತಾನು ವಹಿಗೆ ಹತ್ತಿಸಿ ಹೆಡ್‌ಮಾಸ್ತರರ ಸಹಿ ಮಾಡಿಸಿ. ಇದನ್ನು ಮಾತ್ರ ನಾಳೆಗೆ ಬಿಡಬೇಡಿ.

ಕೊಳ್ಳುವಾಗ ನಾನು ನೋಡುವುದು ಇಷ್ಟು. ಯಂತ್ರ ಏಳುವಾಗ ಮೊದಲು ಓಡುವ ಬಯಾಸ್‌ಗೆ ಪಾಸ್‌ವರ್ಡ್ ಇದೆಯೇ. ಇದ್ದರೆ ಅರ್ಧ ಬೆಲೆಗೆ ಕೊಟ್ಟರೂ ಬೇಡ. ಎಸ್‌ಎಸ್‌ಡಿ ಎಷ್ಟು ಓಡಿದೆ. ಎಲ್ಲವೂ ಒಂದೇ ಕಂಪನಿಯವೇ, ಏಕೆಂದರೆ ಒಬ್ಬರ ಅಡಾಪ್ಟರ್ ಇನ್ನೊಬ್ಬರ ಯಂತ್ರಕ್ಕೆ ಸರಿಯಾಗಿ ಹೊಂದುತ್ತದೆಂಬ ಖಾತ್ರಿಯಿಲ್ಲ. ನಾನು ಲೆನೊವೊ ಹಿಡಿದದ್ದು ಅದರ 20 ವೋಲ್ಟ್‌ನ ಚೌಕ ಪಿನ್ನು ಅದೇ ಕಾಲದ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳದ್ದೇ ಆದ್ದರಿಂದ, ಹಳೆಯ ಅಡಾಪ್ಟರ್ ಎಲ್ಲೆಂದರಲ್ಲಿ ಸಿಗುತ್ತದೆ. ತಂದ ತಕ್ಷಣ ಒಳಗಿನ ನಾಣ್ಯದಂಥ ಸಿಆರ್ 2032 ಸೆಲ್ ಬದಲಿಸಿ, ಮೂವತ್ತು ನಲವತ್ತು ರೂಪಾಯಿ. ಅದು ಸತ್ತಿದ್ದರೆ ಗಡಿಯಾರ ಹಿಂದೆ ಬಿದ್ದು ಸುರಕ್ಷಿತ ಜಾಲತಾಣಗಳೇ ತೆರೆಯುವುದಿಲ್ಲ, ನೀವು ನೆಟ್ಟನ್ನು ಬೈಯುತ್ತಾ ಕೂರುತ್ತೀರಿ. ಪ್ರೊಸೆಸರ್ ಮೇಲೆ ಬಿಸಿ ಸಾಗಿಸಲು ಹಚ್ಚಿರುವ, ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿ. ಅಂಗಡಿಯಲ್ಲೇ ಹತ್ತು ನಿಮಿಷದಲ್ಲಿ ಸೊರಗಿದ ಮದರ್‌ಬೋರ್ಡ್ ಹಿಡಿಯುವ ಒಂದು ಉಪಾಯವೂ ಇದೆ. ಅದನ್ನು ಇಲ್ಲಿ ಬರೆದರೆ ಅಂಗಡಿಯವರೂ ಓದುತ್ತಾರೆ.

ಕರೆಂಟಿನ ಲೆಕ್ಕದಲ್ಲೇ ಎಲ್ಲರ ಬಾಯಿ ಮುಚ್ಚಿದ್ದು. ಹಳೆಯ ಗೋಪುರದಂಥ ಸಿಪಿಯು ಮಾನಿಟರ್ ಸೇರಿ ನೂರು ವಾಟ್ ಎಳೆಯುತ್ತಿತ್ತು. ಹನ್ನೆರಡಾದರೆ ನಮ್ಮ 900 ವಿಎ ಇನ್ವರ್ಟರ್ ಕೂಗಿ ಮಲಗುತ್ತಿತ್ತು. ಈ ಪುಟ್ಟದ್ದು ಮಕ್ಕಳ ಕೆಲಸಕ್ಕೆ ಹದಿನೈದರಿಂದ ಇಪ್ಪತ್ತು ವಾಟ್, ಮಾನಿಟರ್ ಹೊಳಪು ಇಳಿಸಿದರೆ ಹದಿನೈದು. ಹನ್ನೆರಡೂ ಸೇರಿ ನಾನೂರರ ಮೇಲೆ ಸ್ವಲ್ಪ. 12 ವೋಲ್ಟ್, 150 ಎಎಚ್ ಬ್ಯಾಟರಿ ಕಾಗದದ ಮೇಲೆ 1800 ವಾಟ್‌ಗಂಟೆ. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ನಂಬಿ. ಎರಡು ಗಂಟೆ ಬರುತ್ತದೆ, ಅಂದರೆ ಎರಡು ಪಿರಿಯಡ್ ನಿಶ್ಚಿಂತೆ. ಇನ್ವರ್ಟರ್ ಸೈನ್ ವೇವ್ ಇರಲಿ, ಸ್ಕ್ವೇರ್ ವೇವ್‌ನಲ್ಲಿ ಅಡಾಪ್ಟರ್‌ಗಳು ಗುಂಯ್ ಎನ್ನುತ್ತವೆ, ಬಿಸಿಯಾಗುತ್ತವೆ.

ದೂಳಿಗೆ ಮಾಡಿದ ಪ್ರಯೋಗಗಳಲ್ಲಿ ಒಂದು ಕೆಟ್ಟಿತು, ಒಂದು ಕೂಡಿಬಂತು. ಹಳೆಯ ನೈಲಾನ್ ಸೀರೆಯ ತುಂಡನ್ನು ಗಾಳಿಕಿಂಡಿಗೆ ಸೋಸುವ ಬಟ್ಟೆಯಾಗಿ ಕಟ್ಟಿ ನೋಡಿದೆ. ದೂಳೇನೋ ನಿಂತಿತು, ಬಿಸಿ ಹತ್ತು ಡಿಗ್ರಿ ಏರಿತು. ತೆಗೆದೆ. ಜೀನ್ಸ್ ಘಟಕದ ಹುಡುಗ ಕತ್ತರಿಸಿ ಉಳಿದ ಬಟ್ಟೆಯಿಂದ ಮಾನಿಟರ್ ಸಮೇತ ಮುಚ್ಚುವ ಕವಚ ಹೊಲಿಸಿಕೊಟ್ಟ. ಪ್ಲಾಸ್ಟಿಕ್ ಹೊದಿಕೆ ಒಂದೇ ಬೇಸಿಗೆಗೆ ಹರಿದು ಚೂರಾಗುತ್ತಿತ್ತು, ಇದು ಒಗೆದು ಒಗೆದು ಬಳಸುತ್ತಿದ್ದೇವೆ. ವರ್ಷಕ್ಕೆರಡು ಸಲ ಟೈರ್ ಅಂಗಡಿಯವನ ಗಾಳಿಯಿಂದ ಒಳಗಿನ ಕೆಂಪು ಪುಡಿ ಊದಿಸುತ್ತೇನೆ. ಆಗ ಫ್ಯಾನಿನ ರೆಕ್ಕೆಯನ್ನು ಕಡ್ಡಿಯಿಂದ ಹಿಡಿದಿರಬೇಕು, ಇಲ್ಲದಿದ್ದರೆ ಅದು ಸುತ್ತಿ ಸುತ್ತಿ ಬೇರಿಂಗ್ ಹೋಗುತ್ತದೆ. ಗಾಳಿಯ ಒತ್ತಡವನ್ನೂ ಇಳಿಸಿಕೊಳ್ಳಲು ಹೇಳಿ.

ಪಾಲಕರ ದೊಡ್ಡ ಅನುಮಾನ ಸರ್ಕಾರಿ ಕಚೇರಿಗಳಲ್ಲಿ ಬಳಸುವ ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯದು. "ಲಿನಕ್ಸ್ ಕಲಿತ ಮಗಳಿಗೆ ಕಚೇರಿಯಲ್ಲಿ ಟೈಪಿಂಗ್ ಬರುತ್ತದೆಯೇ ಸರ್?" ಎನ್ನುತ್ತಿದ್ದರು. ಲಿನಕ್ಸ್‌ನಲ್ಲೂ ನುಡಿಯ ಕಗಪ ಕೀಲಿಮಣೆ ವಿನ್ಯಾಸವೇ ಇದೆ. ಒತ್ತಕ್ಷರಕ್ಕೆ ಎಫ್ ಗುಂಡಿ, ಟಕಾರಕ್ಕೆ ಕ್ಯೂ ಗುಂಡಿ, ಎರಡೂ ಕಡೆ ಒಂದೇ. ಗುಂಡಿಗಳ ಮೇಲೆ ಕನ್ನಡ ಅಕ್ಷರದ ಚೀಟಿ ಅಂಟಿಸಿದ್ದೆ, ಎರಡೇ ತಿಂಗಳಲ್ಲಿ ಬೆವರಿಗೆ ಅಳಿಸಿದವು. ಮತ್ತೆ ಅಂಟಿಸಲಿಲ್ಲ. ಚೀಟಿ ಇಲ್ಲದೆ ಕೂತ ಮಕ್ಕಳೇ ವೇಗವಾಗಿ ಕಲಿತರು, ನೋಡಲು ಏನೂ ಇಲ್ಲವಲ್ಲ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್‌ನದೇ ಒಂದು ರೂಪವಾದ ಉಬುಂಟು ಆಧಾರಿತ ವ್ಯವಸ್ಥೆಯಲ್ಲೇ ಕಲಿಸುತ್ತಿವೆ ಎಂದು ಹೇಳಿದ ಮೇಲೆ ಸಹೋದ್ಯೋಗಿಗಳೂ ಸುಮ್ಮನಾದರು.

ಆ ಎರಡು ಪೈಗಳಲ್ಲಿ ಒಂದಕ್ಕೆ ಹೊಸ ನೌಕರಿ ಕೊಟ್ಟಿದ್ದೇನೆ. ಅದು ಮೂಲೆಯಲ್ಲಿ ಕೂತು ಕನ್ನಡ ವಿಕಿಪೀಡಿಯ, ಪಠ್ಯಪುಸ್ತಕಗಳ ಪಿಡಿಎಫ್, ಪರದೆಯ ಮೇಲೆಯೇ ಮಾಡುವ ಫೆಟ್ ವಿಜ್ಞಾನ ಪ್ರಯೋಗಗಳನ್ನು ನೆಟ್ ಇಲ್ಲದೆಯೇ ಕೋಣೆಗೆ ಹಂಚುತ್ತದೆ. ಹೀಗೆ ನೆಟ್ ಇಲ್ಲದೆ ಓದಿಸುವ ಕಿವಿಕ್ಸ್ ತಂತ್ರಾಂಶ ಗೊತ್ತಿರುವವರಿಗೆ ವಿವರ ಬೇಡ. ಮಕ್ಕಳು ಸರ್ಕ್ಯೂಟ್ ಜೋಡಿಸುವ ಫೆಟ್ ಪ್ರಯೋಗಕ್ಕೆ ಮುಗಿಬೀಳುತ್ತಾರೆ. ಬ್ಯಾಟರಿಗೆ ಬೆಂಕಿ ಹತ್ತಿಸುವುದೇ ಅವರಿಗೆ ಖುಷಿ, ಓಮನ ನಿಯಮ ಹಿಂದಿನಿಂದ ಬರುತ್ತದೆ.

ಒಂದು ಯಂತ್ರಕ್ಕೆ ಎಷ್ಟು ಮಕ್ಕಳು? 1999ರಲ್ಲಿ ಶಿಕ್ಷಣ ಸಂಶೋಧಕ ಸುಗತ ಮಿತ್ರ ದೆಹಲಿಯ ಕಾಲ್ಕಾಜಿಯಲ್ಲಿ ಗೋಡೆಗೆ ಕಂಪ್ಯೂಟರ್ ಕೂರಿಸಿದ್ದನ್ನು ಹೇಳಿ, ಗುಂಪಾಗಿ ಬಿಟ್ಟರೂ ಕಲಿಯುತ್ತಾರೆ ಎನ್ನುವವರಿದ್ದಾರೆ. ನನ್ನ ಕೋಣೆಯಲ್ಲಿ ಮೂವರಾದರೆ ಮೂರನೆಯವರು ಕಿಟಕಿ ನೋಡುತ್ತಾರೆ, ಮತ್ತು ಆ ಮೂರನೆಯವರು ಹೆಚ್ಚಾಗಿ ಹುಡುಗಿಯೇ ಆಗಿರುತ್ತಾಳೆ. ಒಬ್ಬರೇ ಆದರೆ ಸಿಕ್ಕಿಬಿದ್ದಲ್ಲೇ ಕೂತು ನನ್ನನ್ನು ಕರೆಯುತ್ತಾರೆ. ಇಬ್ಬರು ಸರಿ. ಅರ್ಧ ಪಿರಿಯಡ್ ಆದಾಗ ಗಂಟೆ ಬಾರಿಸುತ್ತೇನೆ, ಮೌಸ್ ಕೈ ಬದಲಾಗಬೇಕು. ನಲವತ್ತೆಂಟು ಮಕ್ಕಳ ತರಗತಿಯನ್ನು ಎರಡು ತಂಡ ಮಾಡಿದರೆ ಹನ್ನೆರಡು ಯಂತ್ರ ಸರಿಯಾಗಿ ಸಾಲುತ್ತದೆ.

ಎರಡು ವರ್ಷದ ದುರಸ್ತಿ ಖರ್ಚು ನಾಲ್ಕು ಸಾವಿರ ಮುಟ್ಟಿಲ್ಲ. ಅದರಲ್ಲಿ ಹೆಚ್ಚಿನದು ಮೌಸ್‌ಗೆ ಹೋದದ್ದು, ಒಂದು ಅಡಾಪ್ಟರ್, ಒಂದು ಎಸ್‌ಎಸ್‌ಡಿ. ಮಕ್ಕಳು ಏನೇ ಕೆಡಿಸಿದರೂ ಮರುದಿನ ಬೆಳಗ್ಗೆ ಯಂತ್ರ ಮೊದಲಿನಂತೆಯೇ ಏಳುತ್ತದೆ, ಅವರ ಕೆಲಸ ಮಾತ್ರ ಉಳಿದಿರುತ್ತದೆ. ಅದನ್ನು ಹೇಗೆ ಹೊಂದಿಸಿದ್ದೇನೆ ಎಂಬುದನ್ನು ಬರೆದು ತಿಳಿಸುವುದಕ್ಕಿಂತ ಕಾಪಿ ಮಾಡಿಕೊಡುವುದು ಸುಲಭ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಕೋಣೆಯಲ್ಲೇ ಇರುತ್ತೇನೆ. ಬರುವವರು 256 ಜಿಬಿಯ ಖಾಲಿ ಎಸ್‌ಎಸ್‌ಡಿ ತನ್ನಿ, ಮುಕ್ಕಾಲು ಗಂಟೆಯ ಕೆಲಸ. ಅಂಗಡಿಯ ಹೆಸರು ಮಾತ್ರ ಕೇಳಬೇಡಿ, ಮುಂದಿನ ಲಾಟ್ ನನಗೇ ಬೇಕಾಗಿದೆ.