ಮೌಸ್ ಕುಂಟುತ್ತಿತ್ತು, ತಪ್ಪು ಡಿಸ್‌ಪ್ಲೇ ಕಾರ್ಡಿನದು

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಕಂಪನಿ. ಕಾರ್ಖಾನೆಗಳಲ್ಲಿ ಮಷೀನ್ ಪಕ್ಕ ಇಡುವ ಕಂಟ್ರೋಲ್ ಪಿಸಿ ಮಾಡುತ್ತೇವೆ. ಅದರೊಳಗಿನ ಡಿಸ್‌ಪ್ಲೇ ಕಾರ್ಡೂ ನಮ್ಮದೇ. ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ತುಂಬುವ ಚಿಪ್) ಕೂರಿಸಿದ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್, ಎರಡು ಮಾನಿಟರ್ ಓಡಿಸುತ್ತದೆ. ಅದರ ಲಿನಕ್ಸ್ ಡ್ರೈವರ್, ಅಂದರೆ ಕಾರ್ಡನ್ನು ಓಡಿಸುವ ಸಾಫ್ಟ್‌ವೇರ್, ನೋಡಿಕೊಳ್ಳುವುದು ನನ್ನ ಕೆಲಸ. ಬರೆದವರು ಕೆಲಸ ಬಿಟ್ಟು ಹೋಗಿ ಬಹಳ ದಿನವಾಗಿದೆ.

ಮಳೆಗಾಲದ ಒಂದು ಬೆಳಿಗ್ಗೆ ಟೆಸ್ಟಿಂಗ್ ಹುಡುಗ ಬಂದ. ಬಾಗಲಕೋಟೆ ಕಡೆಯವನು. "ಅಣ್ಣಾರ, ಮೌಸ್ ಕುಂಟಾಕತ್ತೈತ್ರಿ" ಎಂದ. ಹೋಗಿ ನೋಡಿದರೆ ನಿಜಕ್ಕೂ ಕುಂಟುತ್ತಿತ್ತು. ಬಾಣ ಜಾರುವ ಬದಲು ಟಕ್ ಟಕ್ ಅಂತ ಹಾರುತ್ತಿತ್ತು. ತೆರೆಯ ಮೇಲಿನ ಗ್ರಾಫ್ ಕೂಡ ಹಾಗೇ. ಮೌಸ್ ಬದಲಿಸಿದೆ, ಪೋರ್ಟ್ ಬದಲಿಸಿದೆ. ಏನೂ ಆಗಲಿಲ್ಲ.

ಲಿನಕ್ಸಿನ ತಿರುಳಾದ ಕರ್ನಲ್‌ನ ಲಾಗ್ ತೆರೆದಾಗ ಸಾಲು ಸಿಕ್ಕಿತು: "ಐಆರ್‌ಕ್ಯೂ 16: ನೋಬಡಿ ಕೇರ್ಡ್". ಅದರ ಕೆಳಗೆ "ಡಿಸೇಬ್ಲಿಂಗ್ ಐಆರ್‌ಕ್ಯೂ 16". ಕರ್ನಲ್ ಬರೆದವರಿಗೆ ಹಾಸ್ಯ ಚೆನ್ನಾಗಿ ಗೊತ್ತು. ಇಂಟರಪ್ಟ್ (ಸಾಧನವೊಂದು ಪ್ರೊಸೆಸರನ್ನು ಕರೆಯುವ ಸಂಕೇತ; ಐಆರ್‌ಕ್ಯೂ ಅಂದರೆ ಅದು ಬರುವ ಲೈನ್) ಬಂತು, ಯಾರೂ ಕ್ಯಾರೇ ಅನ್ನಲಿಲ್ಲ, ಅದಕ್ಕೆ ಲೈನನ್ನೇ ಮುಚ್ಚಿದೆ ಎಂದು ಅರ್ಥ.

16ನೇ ಲೈನಿನಲ್ಲಿ ಇದ್ದವರು ಇಬ್ಬರು: ಯುಎಸ್‌ಬಿ 2.0 ಕಂಟ್ರೋಲರ್ ಮತ್ತು ನಮ್ಮ ಕಾರ್ಡ್. ಪುಣೆಯ ಹಳೇ ವಾಡೆಯಲ್ಲಿ ಬಾಡಿಗೆಗೆ ಇದ್ದಾಗ ಮೂರು ಮನೆಗೆ ಸೇರಿ ಒಂದೇ ಕರೆಗಂಟೆ ಇತ್ತು. ಗಂಟೆ ಬಾರಿಸಿದರೆ ಮೂವರೂ ಇಣುಕಬೇಕು, ತಮ್ಮ ಕಡೆಯವರಲ್ಲದಿದ್ದರೆ "ನಮಗಲ್ಲ" ಎಂದು ಬಾಗಿಲು ಹಾಕಿಕೊಳ್ಳಬೇಕು. ಹಂಚಿಕೊಂಡ ಇಂಟರಪ್ಟ್ ಲೈನ್ ಇದೇ ಥರ. ಪ್ರತಿ ಡ್ರೈವರಿನ ಹ್ಯಾಂಡ್ಲರ್ (ಕರೆಗೆ ಓಗೊಡುವ ಕೋಡ್) ತನ್ನ ಸಾಧನದ ಸ್ಟೇಟಸ್ ರಿಜಿಸ್ಟರ್ (ಯಾಕೆ ಕರೆದೆ ಎಂದು ಸಾಧನ ಬಿಟ್‌ಗಳಲ್ಲಿ ಗುರುತಿಡುವ ಜಾಗ) ನೋಡಿ "ನನ್ನದು" ಅಥವಾ "ನನ್ನದಲ್ಲ" ಎಂದು ಹೇಳಬೇಕು. ಗುಂಡಿ ಒತ್ತಿದ ಬೆರಳು ತೆಗೆಯುವ ತನಕ ಗಂಟೆ ಹೊಡೆಯುತ್ತಲೇ ಇರುತ್ತದೆ. ಯಾರೂ ನನ್ನದು ಅನ್ನದಿದ್ದರೆ ಕರ್ನಲ್ ಲೆಕ್ಕ ಇಡುತ್ತದೆ: 1,00,000 ಇಂಟರಪ್ಟ್‌ಗಳಲ್ಲಿ 99,900ಕ್ಕಿಂತ ಜಾಸ್ತಿ ಅನಾಥವಾದರೆ ಲೈನ್ ಬಂದ್. ಆಮೇಲೆ ಸೆಕೆಂಡಿಗೆ 10 ಸಲ ಮಾತ್ರ ತಾನೇ ಹೋಗಿ ಎಲ್ಲರನ್ನೂ ವಿಚಾರಿಸಿ ಬರುತ್ತದೆ. ಮೌಸ್ ಕುಂಟುತ್ತಿದ್ದದ್ದು ಆ 10ರ ಲೆಕ್ಕದಲ್ಲಿ.

ಆ ಲಾಗ್ ಸಾಲೇ "ಐಆರ್‌ಕ್ಯೂಪೋಲ್ ಹಾಕಿ ಬೂಟ್ ಮಾಡಿ ನೋಡು" ಎನ್ನುತ್ತದೆ. ಹಾಕಿದರೆ ಬೇರೆ ಲೈನುಗಳ ಹ್ಯಾಂಡ್ಲರ್‌ಗಳನ್ನೂ ಕರ್ನಲ್ ಕೇಳುತ್ತದೆ. ಹಾಕಿದೆ, ಫಲವಿಲ್ಲ. ಇಂಟರಪ್ಟ್ ತಪ್ಪು ಲೈನಿಗೆ ಬಂದಿದ್ದರೆ ಅದು ಉಪಯೋಗಕ್ಕೆ ಬರುತ್ತದೆ. ನಮ್ಮದು ಸರಿಯಾದ ಲೈನಿಗೇ ಬರುತ್ತಿತ್ತು, ಕೇಳುವವರು ಇರಲಿಲ್ಲ ಅಷ್ಟೇ.

ಇಲ್ಲಿ ನಾನೊಂದು ಹುಚ್ಚು ಕೆಲಸ ಮಾಡಿದೆ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ. ನಮ್ಮ ಹ್ಯಾಂಡ್ಲರ್ ಕೊನೆಗೆ "ನನ್ನದಲ್ಲ" ಅನ್ನುವ ಜಾಗದಲ್ಲಿ ಸುಮ್ನೆ "ನನ್ನದು" ಅಂತ ಬರೆದೆ. ಎಚ್ಚರಿಕೆಯೇ ಬರಬಾರದು, ಅಲ್ವಾ? ಬರಲಿಲ್ಲ. ಬದಲಿಗೆ ಪಿಸಿ ಕಲ್ಲಾಯಿತು. ಸುಳ್ಳು ನಂಬಿದ ಕರ್ನಲ್ ಲೈನ್ ಮುಚ್ಚಲಿಲ್ಲ. ಕಾರ್ಡ್ ಲೈನ್ ಬಿಡಲಿಲ್ಲ. ಹ್ಯಾಂಡ್ಲರ್ ಮುಗಿದ ಕೂಡಲೇ ಮತ್ತೆ ಅದೇ ಕರೆ. ಪವರ್ ಬಟನ್ ಒತ್ತಿ ಹಿಡಿದು ಆರಿಸಬೇಕಾಯಿತು.

ನನ್ನ ತಲೆ ತಿಂದದ್ದು ಇನ್ನೊಂದು. ನನ್ನ ಮೇಜಿನ ಹಳೇ ಪಿಸಿಯಲ್ಲೂ ಅದೇ ಕಾರ್ಡ್, ಅದೇ ಡ್ರೈವರ್. ಅಲ್ಲಿ ಮೌಸ್ ಚೆನ್ನಾಗಿಯೇ ಓಡುತ್ತಿತ್ತು, ಲಾಗಿನಲ್ಲೂ ಏನಿಲ್ಲ. ಫ್ಯಾನ್ ಮಾತ್ರ ಜೋರಾಗಿ ತಿರುಗುತ್ತಿತ್ತು. ಧೂಳು ಇರಬೇಕು ಅಂದುಕೊಂಡಿದ್ದೆ. ಮಧ್ಯಾಹ್ನ ಚಹಾಕ್ಕೆ ಹೋದಾಗ ಹೊಳೆಯಿತು. ಎರಡು ಮಾನಿಟರ್, ಪ್ರತಿಯೊಂದಕ್ಕೂ ಸೆಕೆಂಡಿಗೆ 60 ವಿಬ್ಲ್ಯಾಂಕ್ ಇಂಟರಪ್ಟ್ (ಒಂದು ಚಿತ್ರ ತೆರೆಗೆ ಹೋಗಿ ಮುಗಿಯಿತು ಎನ್ನುವ ಕರೆ), ಒಟ್ಟು 120. ಇವನ್ನು ನಮ್ಮ ಡ್ರೈವರ್ ಸರಿಯಾಗಿಯೇ "ನನ್ನದು" ಅನ್ನುತ್ತದೆ. ಹೊಸ ಪಿಸಿ ಒಂದು ಲಕ್ಷ ಕರೆಯನ್ನು ಅರ್ಧ ಸೆಕೆಂಡಿನೊಳಗೆ ಮುಗಿಸಿದರೆ ಅದರಲ್ಲಿ ಅಸಲಿ ಕರೆ 60 ದಾಟುವುದಿಲ್ಲ. ಲೈನ್ ಬಂದ್. ಹಳೇ ಪಿಸಿಗೆ ಒಂದು ಸೆಕೆಂಡಿಗಿಂತ ಜಾಸ್ತಿ ಬೇಕು, ಅಷ್ಟರಲ್ಲಿ ಅಸಲಿ ಕರೆ 100 ದಾಟುತ್ತದೆ, ಅನಾಥ ಕರೆ 99,900 ಮುಟ್ಟುವುದೇ ಇಲ್ಲ. ಹೀಗಾಗಿ ಲೈನ್ ತೆರೆದೇ ಇರುತ್ತದೆ, ಪ್ರೊಸೆಸರಿನ ಒಂದು ಕೋರ್ ಸುಮ್ಮನೆ ಬೇಯುತ್ತಿರುತ್ತದೆ. ಬಂದು ಟಾಪ್ (ಪ್ರೊಸೆಸರ್ ಏನು ಮಾಡುತ್ತಿದೆ ಎಂದು ತೋರಿಸುವ ಕಮಾಂಡ್) ಹಾಕಿ ನೋಡಿದೆ. ಒಂದು ಕೋರ್ ಪೂರ್ತಿ ಇಂಟರಪ್ಟ್‌ನಲ್ಲೇ ಮುಳುಗಿತ್ತು. ಎಷ್ಟು ದಿನದಿಂದ ಹಾಗಿತ್ತೋ!

ಇನ್ನು ಕಳ್ಳನನ್ನು ಹಿಡಿಯುವುದು. ಲೈನ್ ಬಂದ್ ಆದ ಪಿಸಿಯಲ್ಲಿ ಒಂದು ಅನುಕೂಲ ಇದೆ. ಕಾರ್ಡ್ ಗುಂಡಿ ಒತ್ತಿಕೊಂಡೇ ನಿಂತಿರುತ್ತದೆ, ಅವಸರವಿಲ್ಲದೆ ನೋಡಬಹುದು. ಪಿಸಿಐ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಕಮಾಂಡಿಗೆ ಎರಡು ವಿ ಕೊಟ್ಟು ಓಡಿಸಿದರೆ ಪ್ರತಿ ಸಾಧನದ ಸ್ಟೇಟಸ್ ಸಾಲಿನ ಕೊನೆಗೆ ಐಎನ್‌ಟಿಎಕ್ಸ್ ಪಕ್ಕ ಪ್ಲಸ್ ಅಥವಾ ಮೈನಸ್ ಇರುತ್ತದೆ. ಪ್ಲಸ್ ಅಂದರೆ ಗುಂಡಿ ಒತ್ತಿಕೊಂಡಿದೆ. ಯುಎಸ್‌ಬಿಯದು ಮೈನಸ್. ನಮ್ಮ ಕಾರ್ಡಿನದು ಪ್ಲಸ್. ನರಳುತ್ತಿದ್ದದ್ದು ಯುಎಸ್‌ಬಿ, ಒತ್ತುತ್ತಿದ್ದದ್ದು ನಾವು.

ಕಾರ್ಡಿನ ಮೆಮೊರಿಯನ್ನು ಮ್ಯಾಪ್ ಮಾಡಿ ಸ್ಟೇಟಸ್ ರಿಜಿಸ್ಟರ್ ಓದುವ ಹತ್ತು ಸಾಲಿನ ಪ್ರೋಗ್ರಾಂ ಬರೆದೆ. ವಿಬ್ಲ್ಯಾಂಕ್ ಬಿಟ್‌ಗಳು ಬಂದು ಹೋಗುತ್ತಿದ್ದವು. 5ನೇ ಬಿಟ್ ಮಾತ್ರ ಪ್ರತಿ ಸಲವೂ 1. ನಮ್ಮ ಎಕ್ಸೆಲ್ ಶೀಟಿನಲ್ಲಿ ಆ ಬಿಟ್ಟಿನ ಮುಂದೆ "ಬಳಕೆಯಲ್ಲಿಲ್ಲ" ಅಂತ ಇತ್ತು. ಎಫ್‌ಪಿಜಿಎ ಬರೆಯುವವರ ಹತ್ತಿರ ಹೋಗಿ ಕೇಳಿದೆ. ಹೊಸ ಆವೃತ್ತಿಯಲ್ಲಿ ಹಾಟ್‌ಪ್ಲಗ್ (ಮಾನಿಟರ್ ಹಾಕಿದ್ದು, ತೆಗೆದದ್ದು ತಿಳಿಯುವ ಸೌಲಭ್ಯ) ಸೇರಿಸಿದ್ದಾರಂತೆ. ಎಚ್‌ಡಿಎಂಐ ಕನೆಕ್ಟರಿನ 19ನೇ ಪಿನ್ ಏರಿಳಿದರೆ ಇಂಟರಪ್ಟ್ ಎಬ್ಬಿಸುತ್ತದೆ, ಪವರ್ ಕೊಟ್ಟಾಗಿನಿಂದಲೇ ಆನ್. ನನಗೆ ಹೇಳಿರಲಿಲ್ಲ. "ಹೇಳಿದ್ದೆ ಅನಿಸುತ್ತೆ" ಎಂದರು ಮರಾಠಿಯಲ್ಲಿ. ಜಗಳಕ್ಕೆ ಹೋಗಲಿಲ್ಲ, ನಮ್ಮ ಡ್ರೈವರಿನದೂ ತಪ್ಪಿತ್ತು. ಟೆಸ್ಟಿಂಗ್ ಹುಡುಗ ದಿನಾ ಬೆಳಿಗ್ಗೆ ಎಲ್ಲ ಮಾನಿಟರ್ ಸ್ವಿಚ್ ಹಾಕುತ್ತಾನೆ. ನಮ್ಮ ಮಾನಿಟರ್‌ಗಳಲ್ಲಿ ಆಗ ಆ ಪಿನ್ ಏರುತ್ತದೆ, 5ನೇ ಬಿಟ್ 1 ಆಗಿ ನಿಲ್ಲುತ್ತದೆ.

ನಮ್ಮ ತಪ್ಪು ಏನೆಂದರೆ, ಡ್ರೈವರ್ ತನಗೆ ಬೇಕಾದ ಬಿಟ್‌ಗಳನ್ನು ಆನ್ ಮಾಡುತ್ತಿತ್ತು, ಬೇಡದ್ದನ್ನು ಆಫ್ ಮಾಡುತ್ತಿರಲಿಲ್ಲ. ಈಗ ಶುರುವಿನಲ್ಲೇ, ಯಾವ ಇಂಟರಪ್ಟ್ ಬೇಕು ಎಂದು ಹೇಳುವ ಎನೇಬಲ್ ರಿಜಿಸ್ಟರಿಗೆ ಸೊನ್ನೆ ಬರೆಯುತ್ತೇನೆ. ಸ್ಟೇಟಸ್‌ನಲ್ಲಿ ಉಳಿದ ಹಳೇ ಬಿಟ್‌ಗಳನ್ನು ಒರೆಸುತ್ತೇನೆ. ಆಮೇಲೆ ಹ್ಯಾಂಡ್ಲರ್ ನೋಂದಾಯಿಸಿ, ಗೊತ್ತಿರುವ ಬಿಟ್‌ಗಳನ್ನು ಮಾತ್ರ ಎಬ್ಬಿಸುತ್ತೇನೆ. ಈ ಕ್ರಮ ಮುಖ್ಯ. ಹಾಟ್‌ಪ್ಲಗ್ ಬಂದರೆ ಹ್ಯಾಂಡ್ಲರ್ ಆ ಬಿಟ್ ಒರೆಸಿ ಹೊರಬರುತ್ತದೆ. ಮಾನಿಟರಿನ ಮಾಹಿತಿ ಓದುವ ನಿಧಾನದ ಕೆಲಸ ವರ್ಕ್‌ಕ್ಯೂಗೆ (ಕರ್ನಲ್ ಆಮೇಲೆ ಮಾಡುವ ಕೆಲಸಗಳ ಸಾಲು).

ಮುಗಿಯಿತು ಅಂದುಕೊಂಡೆ. 16ನೇ ಲೈನಿಗೆ, ಕರ್ನಲ್ ತನ್ನ ಲೆಕ್ಕ ತೋರಿಸುವ ಪ್ರೋಕ್ ಅಡಿಯಲ್ಲಿ, ಸ್ಪ್ಯೂರಿಯಸ್ ಅಂತ ಒಂದು ಫೈಲ್ ಇದೆ. ಅದರಲ್ಲಿ ಅನ್‌ಹ್ಯಾಂಡಲ್ಡ್, ಅಂದರೆ ಅನಾಥ ಕರೆಗಳ, ಸಂಖ್ಯೆ 1. ಹುಡುಗನಿಗೆ ಕೇಬಲ್ ಎಳೆದು ಹಾಕಲು ಹೇಳಿದೆ. ಆಗಲೂ 1. ಒಂದು ಹೋಗಲಿ ಬಿಡು ಎಂದು ಏಳುವಾಗ ಕೆಳಗಿನ ಸಾಲು ಕಣ್ಣಿಗೆ ಬಿತ್ತು: ಕೊನೆಯ ಅನಾಥ ಕರೆಯ ಸಮಯ. ಪ್ರತಿ ಸಲ ಕೇಬಲ್ ಹಾಕಿದಾಗಲೂ ಅದು ಬದಲಾಗುತ್ತಿತ್ತು. ಎರಡು ಅನಾಥ ಕರೆಗಳ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗ ದಾಟಿದರೆ ಕರ್ನಲ್ ಎಣಿಕೆಯನ್ನು ಮತ್ತೆ 1ಕ್ಕೆ ತರುತ್ತದೆ. ಸಂಖ್ಯೆ ಏರದಿದ್ದರೂ ಕರೆ ಬರುತ್ತಲೇ ಇತ್ತು.

ಕಾರಣ ಚಿಕ್ಕದು. ಪಿಸಿಐನಲ್ಲಿ ಬರೆದದ್ದು ಕೂಡಲೇ ಕಾರ್ಡ್ ಮುಟ್ಟುವುದಿಲ್ಲ, ದಾರಿಯಲ್ಲಿ ನಿಂತಿರಬಹುದು. ಬಿಟ್ ಒರೆಸುವ ಬರಹ ತಲುಪುವ ಮೊದಲೇ ಹ್ಯಾಂಡ್ಲರ್ ಮುಗಿದರೆ ಲೈನ್ ಇನ್ನೂ ಎದ್ದಿರುತ್ತದೆ, ಒಂದು ಖಾಲಿ ಕರೆ ಹೆಚ್ಚಿಗೆ ಬರುತ್ತದೆ. ಡ್ರೈವರ್ ಬರೆದವರು ವಿಬ್ಲ್ಯಾಂಕ್ ದಾರಿಯಲ್ಲಿ ಬಿಟ್ ಒರೆಸಿದ ಮೇಲೆ ಫ್ರೇಮ್ ಕೌಂಟರ್ ಓದುತ್ತಿದ್ದರು. ಆ ಓದು ಮುಗಿಯಬೇಕಾದರೆ ಹಿಂದಿನ ಬರಹ ತಲುಪಲೇಬೇಕು. ಅಲ್ಲಿ ಅದು ತಾನಾಗಿಯೇ ಸರಿಹೋಗಿತ್ತು. ನನ್ನ ಹೊಸ ದಾರಿಯಲ್ಲಿ ಓದು ಇರಲಿಲ್ಲ. ಸ್ಟೇಟಸ್ ರಿಜಿಸ್ಟರನ್ನು ಒಮ್ಮೆ ತಿರುಗಿ ಓದುವ ಒಂದು ಸಾಲು ಸೇರಿಸಿದೆ, ಯಾಕೆ ಅಂತ ಪಕ್ಕದಲ್ಲಿ ಬರೆದೆ.

ಹುಡುಗ ಮತ್ತೆ ಕೇಬಲ್ ಹಿಡಿದ. ಐವತ್ತು ಸಲ ಎಳೆದು ಹಾಕಿದ. ಸಮಯದ ಸಾಲು ಕದಲಲಿಲ್ಲ. "ಸಾಕೇನ್ರಿ ಅಣ್ಣಾರ, ಕೈ ಸೋತಾವು" ಎಂದ. ಇನ್ನೊಂದು ಹತ್ತು ಸಲ ಎಂದೆ. ಲೈನ್ ಹಂಚಿಕೊಳ್ಳದೆ ಸಾಧನವೇ ಸಂದೇಶ ಬರೆದು ಕರೆಯುವ ಎಂಎಸ್‌ಐಗೆ ಡ್ರೈವರ್ ಬದಲಿಸುವ ಕೆಲಸ ಇನ್ನೂ ಬಾಕಿ ಇದೆ.